ಮನೋಳಿಯಲ್ಲಿ ಇಲ್ಲದ ಅಕ್ಕ

ನಮ್ಮ ಮಾಮಾ ಸುಳ್ಳು ಹೇಳುವುದೇ ಇಲ್ಲ. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡೂ ಸುಳ್ಳು ಹೇಳದ ಇನ್ನೊಬ್ಬ ಮನುಷ್ಯ ಬೈಲಹೊಂಗಲದ ಬಜಾರಿನಲ್ಲಿ ಇದ್ದರೆ ತೋರಿಸಿ, ನೋಡೋಣ! "ಈ ಹತ್ತಿ ಬೀಜ ನಿಮ್ಮ ಎರಿ ಹೊಲಕ್ಕ ಬರಂಗಿಲ್ರಿ, ಮುಂದಿನ ಅಂಗಡ್ಯಾಗ ಬ್ಯಾರೆ ತಳಿ ಐತಿ, ಅದನ್ನ ಒಯ್ರಿ" ಎಂದು ಕೈಗೆ ಬಂದ ಗಿರಾಕಿಯನ್ನು ಪಕ್ಕದವನಿಗೆ ದಾಟಿಸುವಷ್ಟು ಸತ್ಯವಂತರು. ಒಂದೇ ಒಂದು ವಿಷಯದಲ್ಲಿ ಮಾತ್ರ ಬಾಯಿ ತೆರೆದರೆ ಸುಳ್ಳು. ಅದಕ್ಕೆ ನಾನೇ ಸಾಕ್ಷಿ. ನಾನು ಅವರ ಮನೋಳಿ ಅಕ್ಕನ ಮಗ. ಬೈಲಹೊಂಗಲದಲ್ಲಿ ಯಾರನ್ನು ಕೇಳಿದರೂ ಹಾಗೆಂದೇ ಹೇಳುತ್ತಾರೆ. ತೊಂದರೆ ಇಷ್ಟೇ, ಮಾಮಾಗೆ ಮನೋಳಿಯಲ್ಲಿ ಅಕ್ಕನೇ ಇಲ್ಲ!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾಮಾನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇದೆ. ಊರ ಹೊರಗೆ ವಿಶ್ವವಿದ್ಯಾಲಯ ಆದಂದಿನಿಂದ ಅವರಿಗೆ ಗಲ್ಲೆಯ ಮೇಲೆ, ಅಂದರೆ ಹಣದ ಪೆಟ್ಟಿಗೆಯ ಗಾದಿಯ ಮೇಲೆ, ಕುಳಿತು ಬಸ್ಸಿನಿಂದ ಇಳಿಯುವ ಹುಡುಗರನ್ನು ನೋಡುವುದೇ ಒಂದು ಉದ್ಯೋಗ. ಮೊದಲ ವರ್ಷದವರ ಬಗ್ಗೆ ಅವರಿಗೆ ಆಸಕ್ತಿಯಿಲ್ಲ. ಅವರು ಮಳೆಗಾಲದಲ್ಲಿ ಹಿಂಡು ಹಿಂಡಾಗಿ, ಅಪ್ಪ ಅವ್ವನನ್ನೂ ಕಟ್ಟಿಕೊಂಡು ಬರುತ್ತಾರೆ. ಮಾಮಾ ಕಾಯುವುದು ಬೇರೆ ವಿಶ್ವವಿದ್ಯಾಲಯ ಬಿಟ್ಟು ಎರಡನೇ ವರ್ಷಕ್ಕೋ ಮೂರನೇ ವರ್ಷಕ್ಕೋ ಇಲ್ಲಿಗೆ ಬಂದು ಸೇರುವವರನ್ನು. ಅಂಥವರು ಒಬ್ಬರೇ ಇಳಿಯುತ್ತಾರೆ. ಅಷ್ಟರಲ್ಲಿ ಉಳಿದವರ ಗೆಳೆತನಗಳೆಲ್ಲ ಆಗಿಹೋಗಿರುತ್ತವೆ. ಯಾರ ಪಕ್ಕ ಯಾರು ಕೂರಬೇಕು, ಯಾರ ಡಬ್ಬಿಯಲ್ಲಿ ಯಾರು ಕೈ ಹಾಕಬೇಕು, ಎಲ್ಲವೂ ನಿಕ್ಕಿ. ಮದುವೆ ಊಟಕ್ಕೆ ಪಂಕ್ತಿ ಕುಳಿತ ಮೇಲೆ ಬಂದು ನಿಂತವನ ಹಾಗೆ ಈ ಹೊಸಬ ಎಲ್ಲಿ ಕೂರುವುದೆಂದು ನೋಡುತ್ತಿರುತ್ತಾನೆ.

ಅದರ ಮೇಲೆ ನಮ್ಮ ಕಡೆಯ ಪ್ರಶ್ನೆ ಬೇರೆ! ಇಲ್ಲಿ ಮನುಷ್ಯನ ಹೆಸರು ಕೇಳುವುದು ಆಮೇಲೆ. ಮೊದಲು "ಯಾವೂರು?" ನಂತರ "ಯಾರ ಪೈಕಿ?" ಅಂದರೆ ಯಾರ ಮನೆತನ, ಯಾರ ಬಳಗ. ಇದಕ್ಕೆ ಉತ್ತರವಿಲ್ಲದವನಿಗೆ ಬಾಡಿಗೆಗೆ ಖೋಲಿ ಸಿಗುವುದಿಲ್ಲ, ಖಾನಾವಳಿಯಲ್ಲಿ ಎರಡನೇ ಸಲ ಪಲ್ಯ ಸಿಗುವುದಿಲ್ಲ, ಜ್ವರ ಬಂದರೆ "ಹೆಂಗದೀಯೋ" ಎಂದು ಕೇಳುವವರಿಲ್ಲ. ಯಾರೂ ಕೆಟ್ಟವರಲ್ಲ, ಯಾವ ಗೂಟಕ್ಕೆ ಕಟ್ಟಬೇಕೆಂದು ತಿಳಿಯದೆ ಸುಮ್ಮನಿರುತ್ತಾರೆ ಅಷ್ಟೆ. ಇದಕ್ಕೆ ಮಾಮಾ ಕಂಡುಕೊಂಡ ಉಪಾಯ ಎಂಥದ್ದು ಗೊತ್ತೆ? ಬಂದವರನ್ನೆಲ್ಲ ತಮ್ಮ ಪೈಕಿ ಮಾಡಿಕೊಂಡುಬಿಡುವುದು!

ಹಿರಿಯೂರಿನ ಕಡೆಯವನಾದ ನಾನು ಮೊದಲು ಓದುತ್ತಿದ್ದ ಕಡೆ ನಮ್ಮ ವಿಭಾಗವನ್ನೇ ಮುಚ್ಚಿದ್ದರಿಂದ ಇಲ್ಲಿಗೆ ಬಂದೆ. ಟ್ರಂಕು ಇಳಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಿಳಿ ಟೊಪ್ಪಿಗೆಯ ಒಬ್ಬರು ರಸ್ತೆ ದಾಟಿ ಬಂದು, "ಏನಪಾ, ಒಬ್ಬನ ಬಂದಿ? ನಡಿ" ಎಂದು ಟ್ರಂಕಿನ ಒಂದು ಹಿಡಿಕೆ ಹಿಡಿದರು. ಕಳ್ಳನೇನೋ ಎಂದುಕೊಂಡೆ. ಆದರೆ ಇನ್ನೊಂದು ಹಿಡಿಕೆ ನನ್ನ ಕೈಯಲ್ಲೇ ಇತ್ತಲ್ಲ, ಹೋದೆ. ಹೋಗಿ ನಿಂತದ್ದು ಒಂದು ಖಾನಾವಳಿಯ ಮುಂದೆ. ಅದನ್ನು ನಡೆಸುವ ಅಕ್ಕ ಬಾಗಿಲಲ್ಲೇ ಕೇಳಿದಳು, "ಯಾರ ಪೈಕಿರೀ ಹುಡುಗ?"

"ನಮ್ಮ ಪೈಕಿನವಾ. ಮನೋಳಿ ಅಕ್ಕನ ಮಗ."

"ಮನೋಳ್ಯಾಗ ನಿಮಗ ಅಕ್ಕ ಅದಾರೇನ್ರಿ?"

"ಒಡಹುಟ್ಟಿದಾಕಿ ಅಲ್ಲ, ನಮ್ಮ ಅಜ್ಜನ ತಮ್ಮನ ಕಡ್ಯಾಕಿ."

ಅಜ್ಜನ ತಮ್ಮನ ಕಡೆಯವರನ್ನು ಯಾರು ಎಣಿಸಿ ನೋಡಿದ್ದಾರೆ? ಅವತ್ತು ನನ್ನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ, ಎಣ್ಣೆಗಾಯಿ, ಮೇಲೆ ಮೊಸರು ಬಿತ್ತು. ಆಗಲೇ ಅರ್ಥವಾಯಿತು, ಈ ಊರಿನಲ್ಲಿ ಮನೋಳಿ ಅಕ್ಕನಿಗೆ ಬಹಳ ಬೆಲೆ ಇದೆ!

ಒಮ್ಮೆ ಅಸ್ಸಾಮಿನಿಂದ ಒಬ್ಬ ಹುಡುಗ ಬಂದ. ಕನ್ನಡ ಒಂದಕ್ಷರ ಬಾರದು. ಈ ಸಲ ಮಾಮಾ ಸೋತರು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಮಾಮಾ ಸೋಲುವುದೆ! "ನಮ್ಮ ರಾಮದುರ್ಗದ ಕಾಕಾನ ಮಗ ಮಿಲಿಟರ್ಯಾಗ ಇದ್ದ. ಅತ್ತಾಗ ಲಗ್ನ ಆಗಿ ಅಲ್ಲೇ ಉಳದ. ಅವನ ಮಗ ಇಂವ" ಎಂದು ಸಲೀಸಾಗಿ ಹೇಳಿದರು. ಖಾನಾವಳಿಯ ಅಕ್ಕ ಹುಡುಗನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಹೌದ್ರೀ, ಕಿವಿ ನೋಡ್ರಿ, ಥೇಟ್ ನಿಮ್ಮ ಮನಿತನದ್ವು!" ಎಂದಳು. ಪಾಪ, ಹುಡುಗ ಕಿವಿಗೆ ಏನಾಯಿತೆಂದು ಗಾಬರಿಯಿಂದ ಮುಟ್ಟಿ ನೋಡಿಕೊಂಡ. ಓದು ಮುಗಿಸಿ ಊರಿಗೆ ಹೊರಟಾಗ ಅಕ್ಕ ಅವನಿಗೆ ಒಂದು ಗಂಟು ಶೇಂಗಾ ಹೋಳಿಗೆ ಕಟ್ಟಿಕೊಟ್ಟು ತಾನೂ ಅತ್ತು ಅವನನ್ನೂ ಅಳಿಸಿದಳು.

ಸುಳ್ಳು ಯಾರು ಬೇಕಾದರೂ ಹೇಳಬಹುದು. ಅದನ್ನು ಸಾಕುವುದು ಕಷ್ಟ. ಮಾಮಾನ ತಾಕತ್ತು ಇರುವುದು ಅಲ್ಲಿ! ಯಾವ ಹುಡುಗ ಯಾವ ಊರಿನ ಯಾವ ತಂಗಿಯ ಮಗ, ಆ ತಂಗಿಯ ಗಂಡ ಏನು ಮಾಡುತ್ತಾನೆ, ಅವರ ಎಮ್ಮೆ ಎಷ್ಟನೇ ಸೂಲು, ಯಾವುದನ್ನೂ ಬರೆದಿಟ್ಟುಕೊಳ್ಳದೆ, ಒಂದನ್ನೂ ತಪ್ಪದೆ ನೆನಪಿಟ್ಟಿರುತ್ತಾರೆ. ನಮ್ಮ ಮನೋಳಿ ಅಕ್ಕನಿಗಂತೂ ಮಂಡಿನೋವು ಬಂತು, ಶ್ರೀಶೈಲಕ್ಕೆ ಹೋಗಿ ಬಂದಳು, ಹೊಳೆದಂಡೆಯ ಹೊಲದಲ್ಲಿ ಕಬ್ಬು ಹಚ್ಚಿದಳು. ಒಮ್ಮೆ ನಮ್ಮ ಗ್ರಂಥಾಲಯದ ಜವಾನ ಮನೋಳಿಗೆ ಮದುವೆಗೆ ಹೋದವನು, ಅಷ್ಟು ದೂರ ಹೋಗಿದ್ದೇನೆ, ಮಾಮಾನ ಅಕ್ಕನನ್ನು ಮಾತಾಡಿಸದೆ ಬರುವುದೇ ಎಂದು ಊರೆಲ್ಲ ಹುಡುಕಿ ಬಂದ! "ಅಕ್ಕಾರ ಸಿಗಲಿಲ್ರಲ್ಲ?" ಎಂದ. ಮಾಮಾ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಹೆಂಗ ಸಿಗತಾಳೋ? ಆಕಿ ಸವದತ್ತ್ಯಾಗ ಮಗಳ ಬಾಣಂತನಕ್ಕ ಹೋಗ್ಯಾಳ" ಎಂದರು. ಜವಾನ "ಏನ್ ಹಡದಾಳ್ರಿ?" ಎಂದು ಕೇಳಿ, ಗಂಡು ಎಂದು ತಿಳಿದು ಸಂತೋಷಪಟ್ಟು ಹೋದ.

ಮಾಮಾನ ಹೆಂಡತಿ, ಅಂದರೆ ನಮ್ಮತ್ತೆ, ಇದನ್ನೆಲ್ಲ ಕೇಳಿ ಹಣೆ ಹಣೆ ಬಡಿದುಕೊಳ್ಳುತ್ತಾರೆ. "ಎಲ್ಲಾರಿಗೂ ಹುಟ್ಟಿದ ನಾದಿನ್ಯಾರ ಕಾಟ. ನನಗ ಹುಟ್ಟದ ನಾದಿನ್ಯಾರ ಕಾಟ ನೋಡಪಾ!" ಎನ್ನುತ್ತಲೇ ಆ ಹುಟ್ಟದ ನಾದಿನಿಯರ ಮಕ್ಕಳಿಗೆ ರೊಟ್ಟಿ ಬಡಿಯುತ್ತಾರೆ.

ನಾನು ಓದು ಮುಗಿಸಿ ಅದೇ ವಿಶ್ವವಿದ್ಯಾಲಯದಲ್ಲಿ ಮಾಸ್ತರನಾದೆ. ಮದುವೆಯೂ ಇಲ್ಲೇ ಆಯಿತು. ಹಿರಿಯೂರಿನಿಂದ ಬಂದ ನಮ್ಮಮ್ಮನನ್ನು ಇಡೀ ದಿನ ಜನ "ಮನೋಳಿ ಅಕ್ಕಾರ, ಮಂಡಿ ಹೆಂಗೈತ್ರಿ?" ಎಂದು ಕೇಳಿದ್ದೇ ಕೇಳಿದ್ದು. ಅಮ್ಮನಿಗೆ ಈ ಕಡೆಯ ಮಾತು ಅರ್ಧ ತಿಳಿಯದು. ಪುಣ್ಯಕ್ಕೆ ಮಂಡಿನೋವು ನಿಜವಾಗಿಯೂ ಇತ್ತು!

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ ಕಳೆದ ವರ್ಷ ಚೈತ್ರಾ ಬಂದಳು. ಚಾಮರಾಜನಗರದ ಕಡೆಯ ಹುಡುಗಿ, ಎರಡನೇ ವರ್ಷಕ್ಕೆ ಸೇರಿದವಳು. ಮಾಮಾ ಅವಳನ್ನು ತೊರಗಲ್ಲಿನ ತಂಗಿಯ ಮಗಳನ್ನಾಗಿ ಮಾಡಿ ಖಾನಾವಳಿಗೆ ಕರೆದೊಯ್ದರು. ಅಕ್ಕ ಅವಳಿಗಾಗಿ ಮುದ್ದೆ ಮಾಡಲು ಹೋಗಿ ಮೊದಲ ಸಲ ಅದನ್ನು ಕುಡಿಯುವ ಹಾಗೆ ಮಾಡಿದಳು, ಎರಡನೇ ಸಲ ಗೋಡೆ ಕಟ್ಟುವ ಹಾಗೆ. ಹುಡುಗಿ ನಕ್ಕದ್ದು ಅವತ್ತೇ ಮೊದಲು. ಬರಬರುತ್ತ ನನ್ನ ಹತ್ತಿರ ತನ್ನ ಕಥೆ ಹೇಳಿದಳು. ಊರಲ್ಲಿ ಓದುತ್ತಿದ್ದಾಗ ಒಂದರ ಹಿಂದೆ ಒಂದು ಸಂಬಂಧ ಬರುತ್ತಿತ್ತಂತೆ. ಅವಳ ಅಮ್ಮ ಹಟ ಹಿಡಿದು, ಕಣ್ಣಿಗೆ ಬೀಳದಷ್ಟು ದೂರ ಇರಲಿ ಎಂದು ಇಲ್ಲಿಗೆ ಕಳಿಸಿದ್ದಳು. ಅಪ್ಪ ಒಪ್ಪಿದ್ದು ಒಂದೇ ಮಾತಿನ ಮೇಲೆ. ಇನ್ನೊಂದು ಒಳ್ಳೆಯ ಸಂಬಂಧ ತಾನಾಗಿ ಮನೆ ಬಾಗಿಲಿಗೆ ಬಂದರೆ ಓದು ಅಲ್ಲಿಗೆ ಮುಗಿಯಿತು. "ಇಲ್ಲಿ ನನ್ನನ್ನ ಯಾರು ಹುಡುಕಿಕೊಂಡು ಬರ್ತಾರೆ ಬಿಡಿ ಸಾರ್" ಎಂದಿದ್ದಳು.

ಬಂದರು! ಮಾಮಾ ಹುಡುಗರನ್ನು ತಮ್ಮ ಪೈಕಿ ಎಂದಾಗ ಏನೂ ಆಗಿರಲಿಲ್ಲ. ಆದರೆ ಲಗ್ನದ ವಯಸ್ಸಿನ ಹುಡುಗಿಯನ್ನು ತಂಗಿಯ ಮಗಳೆಂದು ನಾಲ್ಕು ಜನರ ಮುಂದೆ ಹೇಳಿದರೆ ನಮ್ಮ ಕಡೆ ಅದರ ಅರ್ಥವೇನು? ಮನೆತನ ಗಟ್ಟಿ, ಕನ್ಯೆ ನೋಡಲು ಬರಬಹುದು! ಇಷ್ಟು ವರ್ಷ ಸಂಬಂಧ ಕಟ್ಟಿದ ಮನುಷ್ಯನಿಗೆ ಇದೊಂದು ಹೊಳೆಯಲೇ ಇಲ್ಲ. ಒಂದು ಮಧ್ಯಾಹ್ನ ಸಿರಸಂಗಿಯ ಸಾಹುಕಾರರು, ಮಾಮಾನ ಹಳೆಯ ಗಿರಾಕಿ, ಬುಟ್ಟಿ ತುಂಬ ಬಾಳೆಹಣ್ಣು, ಹೂವು ಹಿಡಿಸಿಕೊಂಡು ಅಂಗಡಿಗೇ ಬಂದು ಕುಳಿತರು. ಇದ್ದೊಬ್ಬ ಮಗ, ನೀರಾವರಿ ಹೊಲ. ಯಾವ ಅಪ್ಪನಾದರೂ ಕಣ್ಣು ಮುಚ್ಚಿ ಒಪ್ಪುವ ಸಂಬಂಧ.

ಮಾಮಾ ಫೋನು ಮಾಡಿ "ಲಗೂನ ಬಾ" ಎಂದಾಗ ಅವರ ಧ್ವನಿಯೇ ಬೇರೆಯಾಗಿತ್ತು. ನಾನು ಹೋಗುವಷ್ಟರಲ್ಲಿ ಸುದ್ದಿ ಕೇಳಿದ ಚೈತ್ರಾ ಬ್ಯಾಗು ಹೆಗಲಿಗೇರಿಸಿಕೊಂಡು ಅಂಗಡಿಯ ಮೂಲೆಯಲ್ಲಿ ನಿಂತಿದ್ದಳು.

"ಯಾರನ್ನ ಕೇಳಿ ನನ್ನನ್ನ ನಿಮ್ಮವಳು ಅಂದ್ರಿ?" ಎಂದು ಮಾಮಾನನ್ನು ಕೇಳುತ್ತಿದ್ದಳು. "ಇವರು ನಮ್ಮಪ್ಪನ ಹತ್ರ ಹೋದ್ರೆ ಮುಗೀತು. ಅದಕ್ಕಿಂತ ನಾನೇ ಎಲ್ಲಿಗಾದ್ರೂ ಹೊರಟೋಗ್ತೀನಿ."

ಮಾಮಾ ಟೊಪ್ಪಿಗೆ ತೆಗೆದು ಗಲ್ಲೆಯ ಮೇಲಿಟ್ಟು, ಸಾಹುಕಾರರಿಗೆ ಕೈ ಮುಗಿದರು. "ಸಾವಕಾರ, ತಪ್ಪಾತ್ರಿ. ಈಕಿ ನಮ್ಮ ತಂಗಿ ಮಗಳಲ್ಲ. ನನಗ ತೊರಗಲ್ಲಿನಾಗ ತಂಗೀನ ಇಲ್ಲ. ಹುಡುಗಿ ಒಬ್ಬಾಕಿ ಬಂದಿದ್ಲು, ಹಂಗ ಹೇಳಿದ್ನಿ."

ಬಜಾರಿನಲ್ಲಿ ಬೀಜ ಮಾರುವವನಿಗೆ ಮಾತೇ ಬಂಡವಾಳ. ಅದನ್ನು ಹೀಗೆ ಎಲ್ಲರೆದುರು ಕಳೆದುಕೊಂಡರೂ ಕೆಲಸ ಆಗಲಿಲ್ಲ. ಸಾಹುಕಾರರು ಗಹಗಹಿಸಿ ನಕ್ಕರು. "ಸಂಬಂಧ ಬ್ಯಾಡಾಗಿದ್ರ ಒಲ್ಲೆ ಅನ್ರಿ. ತಂಗೀನ ಇಲ್ಲ ಅಂತೀರಲ್ರೀ! ಇಲ್ಲಿ ನಿಂತಾರಲ್ಲ ಮಾಸ್ತರು, ಇವರ ಲಗ್ನದಾಗ ಮನೋಳಿ ಅಕ್ಕಾರ ಕೈಲೆ ನಾನ ಎಲಿ-ಅಡಿಕಿ ತಗೊಂಡೇನಿ. ಅವರೂ ಸುಳ್ಳೇನು?"

ಎಲ್ಲರೂ ಮಾಮಾನ ಮುಖ ನೋಡಿದರು. ನಾನೂ ನೋಡಿದೆ. ಹೌದು, ಅದೂ ಸುಳ್ಳೇ ಅಂದುಬಿಟ್ಟರೆ ಮುಗಿದು ಹೋಗುತ್ತಿತ್ತು. ಮಾಮಾ ಹಾಗೆನ್ನಲಿಲ್ಲ, ತೆಗೆದಿಟ್ಟ ಟೊಪ್ಪಿಗೆಯನ್ನು ಮತ್ತೆ ಕೈಗೆತ್ತಿಕೊಂಡರು. ಸಾಹುಕಾರರು "ಏನವಾ, ನಿಮ್ಮಪ್ಪಾರ ನಂಬರ ಹೇಳು" ಎಂದು ಜೇಬಿನಿಂದ ಫೋನು ತೆಗೆದರು. ಚೈತ್ರಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಆಗ ನಾನೇ ಹೇಳಿದೆ. "ಸಾವಕಾರ, ಅವತ್ತ ನೀವು ನೋಡಿದಾಕಿ ನಮ್ಮವ್ವ. ಹಿರಿಯೂರಾಕಿ. ಮನೋಳಿ ಯಾವ ದಿಕ್ಕಿಗೈತಿ ಅನ್ನೂದೂ ಆಕಿಗೆ ಗೊತ್ತಿಲ್ಲ. ನಾನೂ ಇವರ ಪೈಕಿ ಅಲ್ರಿ. ಈಕಿ ಹಂಗ ನಾನೂ ಟ್ರಂಕ್ ತಗೊಂಡ ಬಸ್ಸಿಂದ ಇಳದಾಂವ."

ಸಾಹುಕಾರರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಫೋನನ್ನು ಜೇಬಿಗೆ ಹಾಕಿದರು. ಯಾರೋ ಏನೋ, ಗುರುತಿಲ್ಲದವರ ಮಗಳು ಅವರಿಗೇಕೆ? ಹೂವು ಅಲ್ಲೇ ಬಿಟ್ಟು, ಬಾಳೆಹಣ್ಣು ಮಾತ್ರ ಮರೆಯದೆ ತೆಗೆದುಕೊಂಡು ಎದ್ದು ಹೋದರು.

ಚೈತ್ರಾ ಕಣ್ಣೊರೆಸಿಕೊಂಡು, "ನಾನು ಹಾಸ್ಟೆಲಿಗೆ ಹೋಗ್ತೀನಿ ಸಾರ್, ನಾಳೆ ಪ್ರಾಕ್ಟಿಕಲ್ ಇದೆ" ಎಂದಳು. ಮೆಟ್ಟಿಲು ಇಳಿದವಳು ತಿರುಗಿ ಬಂದು ಮಾಮಾನ ಕಾಲು ಮುಟ್ಟಿ ಹೋದಳು. ಅವಳ ಓದು ಉಳಿಯಿತು. ನನಗೆ ಕುಣಿಯಬೇಕೆನಿಸುವಷ್ಟು ಸಂತೋಷ! ಮಾಮಾನನ್ನು ನಗಿಸೋಣವೆಂದು ತಿರುಗಿದೆ. ಅವರು ಗಲ್ಲೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು.

"ನೀ ಯಾಕ ಹಂಗ ಅಂದಿ?" ಎಂದರು.

"ಮತ್ತೇನ ಅನಬೇಕಿತ್ತು ಮಾಮಾ? ಇಲ್ಲಂದ್ರ ಅವರು ನಿಮ್ಮ ಮಾತು ನಂಬತಿದ್ದಿಲ್ಲ."

"ಆಕೀದು ಸುಳ್ಳ ಅಂತ ನಾ ಹೇಳಿದ್ನಲ್ಲ. ಬೇಕಂದ್ರ ಅಸ್ಸಾಮಿನ ಹುಡುಗಂದೂ ಹೇಳತಿದ್ನಿ, ಎಲ್ಲಾರ್ದೂ ಹೇಳತಿದ್ನಿ. ನಿಂದ ಯಾಕ ತಗದಿ?" ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಸಣ್ಣ ಧ್ವನಿಯಲ್ಲಿ ಹೇಳಿದರು. "ಸ್ವಂತ ಅಕ್ಕನ ಮಗ ಆಗಿ ಮಂದಿ ಮುಂದ ಹಂಗ ಅನಬಾರದಪಾ."

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಕಣ್ಣು ತುಂಬಿತ್ತು. ಅಷ್ಟು ಮಕ್ಕಳಿಗೆ ಅಷ್ಟು ಊರುಗಳಲ್ಲಿ ಸಂಬಂಧ ಕಟ್ಟಿ ಒಂದನ್ನೂ ತಪ್ಪದೆ ನೆನಪಿಟ್ಟಿದ್ದ ಆ ಮನುಷ್ಯ, ನನ್ನದೂ ಕಟ್ಟಿದ್ದು ಎಂಬುದನ್ನು ಯಾವಾಗಲೋ ಮರೆತುಬಿಟ್ಟಿದ್ದರು.

ನಾನು ಅವರ ಪಕ್ಕ ಕುಳಿತು, "ತಪ್ಪಾತು ಮಾಮಾ" ಎಂದೆ.