ಬಸವೇಶನ ಬೀರಿಗೆ ಮುಚ್ಚಳ

ಅಂಗಡಿಯ ಮೇಜಿನ ಮೇಲೆ ಬಾಟಲಿಗೆ ಮುಚ್ಚಳ ಒತ್ತುವ ಎರಡು ಕ್ಯಾಪರ್‌ಗಳಿದ್ದವು. ಒಂದು ತನ್ನ ಕಾಲ ಮೇಲೆ ತಾನೇ ನಿಲ್ಲುವ ಕಬ್ಬಿಣದ ಕಂಬ, ಅದಕ್ಕೆ ಬೋರ್‌ವೆಲ್ ಪಂಪಿನಂಥ ಉದ್ದನೆಯ ಹಿಡಿಕೆ. ಇನ್ನೊಂದಕ್ಕೆ ಎರಡು ಕೆಂಪು ಹಿಡಿಕೆಗಳು. ಹಾರಲು ಹೊರಟು ಮನಸ್ಸು ಬದಲಾಯಿಸಿದ ಕೋಳಿಯ ಹಾಗೆ ರೆಕ್ಕೆ ಎತ್ತಿಕೊಂಡು ಕೂತಿತ್ತು. ಮನೆಯಲ್ಲೇ ಬೀರು ಮಾಡುವವರಿಗೆ ಬೇಕಾದ ಸಾಮಾನುಗಳನ್ನಷ್ಟೇ ಮಾರುವ ಆ ಸ್ಕಾರ್‌ಬರೋ ಅಂಗಡಿಯ ಮಾಲೀಕ ಗಡ್ಡ ನೀವಿಕೊಳ್ಳುತ್ತ ಕಾಲು ಗಂಟೆ ವಿವರಿಸಿದ. ದೊಡ್ಡದು ಎಂಥ ಬಾಟಲಿಗೂ ಆಗುತ್ತದೆ, ಒಂದೇ ಕೈ ಸಾಕು. ಸಣ್ಣದು ಬಾಟಲಿಯ ಕೊರಳನ್ನು ಹಿಡಿದುಕೊಂಡು ಒತ್ತುತ್ತದೆ, ಆದ್ದರಿಂದ ಕೊರಳು ನೋಡಿ ಬಾಟಲಿ ಆರಿಸಬೇಕು.

ಬಸವೇಶ ಹೊಸಮನಿ ಇಷ್ಟನ್ನೂ ತಲೆಯಾಡಿಸುತ್ತ ಕೇಳಿ ಒಂದೇ ಒಂದು ಪ್ರಶ್ನೆ ಹಾಕಿದ. "ಅಡುಗೆಮನೆಯ ಡ್ರಾಯರಿನಲ್ಲಿ ಹಿಡಿಯುವುದು ಯಾವುದು?"

ಹೀಗೆ ರೆಕ್ಕೆಯ ಕ್ಯಾಪರ್ ಮನೆಗೆ ಬಂತು. ಚಪಾತಿಯ ಲಟ್ಟಣಿಗೆ, ಇಕ್ಕಳ, ನಿಂಬೆಹಣ್ಣು ಹಿಂಡುವ ಸಾಧನಗಳ ಅಡಿಯಲ್ಲಿ ಅದು ಯಾರ ಕಣ್ಣಿಗೂ ಬೀಳದಂತೆ ಮಲಗಿತು. ಇಲ್ಲಿ 'ಯಾರ ಕಣ್ಣಿಗೂ' ಎಂದರೆ ಬಸವೇಶನ ತಾಯಿ ಪಾರ್ವತೆವ್ವನ ಕಣ್ಣಿಗೆ ಎಂದರ್ಥ.

ಪಾರ್ವತೆವ್ವ ಮಕ್ಕಳಿರುವ ಈ ಪರದೇಶಕ್ಕೆ ಬರುವ ಮೊದಲು ಧಾರವಾಡದಲ್ಲಿ ಇಪ್ಪತ್ತೆರಡು ವರ್ಷ ಮಹಿಳಾ ಮಂಡಳ ನಡೆಸಿದವಳು. ಮಂಡಳ ಹಪ್ಪಳ, ಉಪ್ಪಿನಕಾಯಿ, ಶರಬತ್ತು ಮಾಡುತ್ತಿತ್ತು. ಆದರೆ ಊರಲ್ಲಿ ಅದಕ್ಕೆ ಹೆಸರು ಬಂದದ್ದು ಬೇರೆ ಕಾರಣಕ್ಕೆ. ಓಣಿಯ ತುದಿಯ ಸರಾಯಿ ಅಂಗಡಿಯ ಮುಂದೆ ಹದಿನೊಂದು ದಿನ ಕೂತು, ಹನ್ನೆರಡನೆಯ ದಿನ ಪಾರ್ವತೆವ್ವ ತಾನೇ ಶಟರ್ ಎಳೆದು ಬೀಗ ಜಡಿದಿದ್ದಳು. ಆ ಬೀಗದ ಕೈ ಇನ್ನೂ ಅವಳ ಟ್ರಂಕಿನಲ್ಲಿದೆ ಎಂದು ನಂಬಿದವರಿದ್ದಾರೆ. ಇಂಥವಳ ಮಗನ ಬೇಸ್‌ಮೆಂಟಿನಲ್ಲಿ, ಹಳೆಯ ಕಂಬಳಿ ಹೊದ್ದ ಬಕೆಟಿನೊಳಗೆ ಹದಿನಾರು ಲೀಟರ್ ಬೀರು ಪಕ್ವವಾಗಿ ಕೂತಿತ್ತು. ಆ ತಾಯಿ ನ್ಯೂಮಾರ್ಕೆಟ್ಟಿನ ಮಗಳ ಮನೆಯಿಂದ ಆ ಶನಿವಾರ ಸಂಜೆ ಆರಕ್ಕೆ ಬರುವವಳಿದ್ದಳು.

"ರೀ, ನಂದು ಐದಕ್ಕ ಶಿಫ್ಟ್ ಮುಗೀತದ," ಎಂದಳು ಹೆಂಡತಿ ನೇತ್ರಾ, ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುತ್ತ. "ಅತ್ತಿ ಬರೋದ್ರೊಳಗ ಆ ಬಕೆಟ್ ಖಾಲಿ ಆಗಿ, ಬಾಟ್ಲಿ ಎಲ್ಲಾ ಪ್ಯಾಕ್ ಆಗಿ, ಬಾಜೂಮನಿ ಚೆನ್ನಯ ಅವರ ಗ್ಯಾರೇಜ್ ಸೇರಿರಬೇಕು. ಇಲ್ಲಾಂದ್ರ ಅವರ ಮುಂದನ ಸಿಂಕಿಗೆ ಸುರುವತೀನಿ. ಏನಂತ ಕೇಳಿದ್ರ ಹೆಸರು ಹಿಡದ ಹೇಳ್ತೀನಿ."

"ಹನ್ನೆರಡರೊಳಗ ಮುಗಸ್ತೀನಿ ಬಿಡ. ಮಷೀನ್ ತಂದೀನಲ್ಲ," ಎಂದ ಬಸವೇಶ, ಯುದ್ಧವಿಮಾನ ಕೊಂಡವನ ಗತ್ತಿನಲ್ಲಿ.

ಈ ಬೀರಿನ ಹಿಂದೆ ಮಾನದ ಪ್ರಶ್ನೆಯೂ ಇತ್ತು. ಹೋದ ಸಲ ಅವನು ಮುಚ್ಚಳಗಳನ್ನು ಮರದ ಸುತ್ತಿಗೆಯಿಂದ ಬಡಿದು ಕೂರಿಸಿದ್ದ. ಗ್ಯಾಸೆಲ್ಲ ಸೋರಿ ಹೋಗಿತ್ತು. ಗೋಡೆಯಾಚೆಯ ನೆರೆಯವನು, ಕಾರ್ಕಳದ ಚೆನ್ನಯ, ಸಿಟಿ ಬಸ್ ಓಡಿಸುವವನು, ಒಂದು ಗುಟುಕು ಕುಡಿದು ಲೋಟಕ್ಕೆ ಕೈ ಮುಗಿದು ಹೇಳಿದ್ದ: "ಇದು ಬೀರಲ್ಲ ಮಾರಾಯ್ರೆ. ಇದು ಬೀರಿನ ತಿಥಿ." ಈ ಸಲ ಮುಚ್ಚಳ ತೆಗೆದರೆ 'ಚುಸ್' ಎಂಬ ಸದ್ದು ಗೋಡೆಯಾಚೆ ಕೇಳಿಸಬೇಕು ಎಂದು ಬಸವೇಶ ಶಪಥ ಮಾಡಿದ್ದ.

ಒಂಬತ್ತಕ್ಕೆ ಚೆನ್ನಯ ಬಂದ. ಬಾಟಲಿಗಳು ಅವನವೇ, ನಲವತ್ತೆಂಟು. ಅವನ್ನು ಖಾಲಿ ಮಾಡಲು ತಾನು ಪಟ್ಟ ಶ್ರಮವನ್ನು ಅವನು ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಲೇಬಲ್ ಹೋಗಲೆಂದು ಬಸವೇಶ ಅವನ್ನು ಒಂದು ವಾರ ಸ್ನಾನದ ತೊಟ್ಟಿಯಲ್ಲಿ ನೆನೆಸಿದ್ದ. ವಾರವಿಡೀ ನೇತ್ರಾ ಬಕೆಟಿನಲ್ಲಿ ನೀರು ತುಂಬಿಕೊಂಡು ಸ್ನಾನ ಮಾಡಿದ್ದಳು.

ಪರೀಕ್ಷೆಗೆಂದು ಮೊದಲ ಖಾಲಿ ಬಾಟಲಿಯ ಮೇಲೆ ಮುಚ್ಚಳವಿಟ್ಟು ಬಸವೇಶ ಕ್ಯಾಪರ್ ಕೂರಿಸಿದ, ಎರಡೂ ಹಿಡಿಕೆ ಕೆಳಗೆ ಒತ್ತಿದ. ಮುಚ್ಚಳ ಕೂತಿತು. ಬಾಟಲಿ ಎತ್ತಿದ. ಮುಚ್ಚಳ ಟೋಪಿ ತೆಗೆದು ನಮಸ್ಕರಿಸಿದಂತೆ ಜಾರಿ ಬಿತ್ತು.

"ಬಲ ಸಾಲ್ಲಿಲ್ಲ," ಎಂದ ಚೆನ್ನಯ.

ಎರಡನೆಯದಕ್ಕೆ ಬಲ ಹಾಕಿದ. ಟಕ್ ಎಂದು ಕೊರಳೇ ಮುರಿಯಿತು. ಮೂರನೆಯದಕ್ಕೆ ಚೆನ್ನಯ ಒಂದು ಹಿಡಿಕೆ, ಬಸವೇಶ ಒಂದು ಹಿಡಿಕೆ ಹಿಡಿದು ರೊಟ್ಟಿಗಾಗಿ ಜಗಳಾಡುವವರಂತೆ ಎಳೆದರು. ಮುಚ್ಚಳ ಚಿಮ್ಮಿ ಹೊಗೆ ಅಲಾರಮ್ಮಿಗೆ ಬಡಿಯಿತು. ಅದು ಮೂರು ನಿಮಿಷ ಒಂದೇ ಸಮನೆ ಕೂಗಿತು. ಎದುರು ಮನೆಯ ಮುದುಕಿ ಕಿಟಕಿ ಪರದೆ ಸರಿಸಿ ನೋಡಿದಳು. ಹೊಗೆ ಕಾಣದೆ ನಿರಾಶಳಾಗಿ ಪರದೆ ಎಳೆದುಕೊಂಡಳು.

ಆಗ ಬಸವೇಶ ಬಾಟಲಿಯ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದ. ಸುತ್ತಲೂ ತಿರುಪು ಗೆರೆಗಳು. ಕೈಯಿಂದಲೇ ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಇದು. ಇದರ ಮೇಲೆ ಕ್ಯಾಪರಿನ ಆಟ ನಡೆಯುವುದಿಲ್ಲ. ಕೊರಳು ನೋಡು ಎಂದು ಗಡ್ಡದವನು ಹೇಳಿದ್ದು ಒಂದು ದಿನ ತಡವಾಗಿ ಅವನಿಗೆ ಕೇಳಿಸಿತು.

"ಚೆನ್ನಯ ಅವರ, ಎಲ್ಲಾ ತಿರುಪಿನ ಬಾಟ್ಲಿ ಕುಡದೀರಲ್ರಿ!"

"ಎಂತ ಮಾಡುದು? ಬಸ್ ಬಿಟ್ಟು ಬಂದವನಿಗೆ ಓಪನರ್ ಹುಡುಕ್ಲಿಕ್ಕೆ ತಾಳ್ಮೆ ಉಂಟಾ? ಆಯ್ತು, ಓಕ್‌ವಿಲ್‌ನಲ್ಲಿ ನಮ್ಮ ರಂಜಿತ್ ಇದ್ದಾನೆ. ಅವ ಓಪನರಲ್ಲಿ ತೆಗೆಯುದನ್ನು ಮಾತ್ರ ಕುಡಿಯುದು. ಶ್ರೀಮಂತ ಅಲ್ವಾ! ಗ್ಯಾರೇಜಲ್ಲಿ ರಾಶಿ ಉಂಟು."

ಬಸವೇಶ ಕ್ಯಾಪರನ್ನು ತೊಳೆದು ಡ್ರಾಯರಿನ ತಳಕ್ಕೆ ಸೇರಿಸಿ, ಬಕೆಟಿಗೆ ಕಂಬಳಿ ಹೊದಿಸಿ ಚೆನ್ನಯನ ಜೊತೆ ಹೊರಟ. ಓಕ್‌ವಿಲ್‌ನಲ್ಲಿ ರಂಜಿತ್ ಬಾಟಲಿ ಕೊಡುವ ಮೊದಲು ಹೊಸ ಅಡುಗೆಮನೆ ತೋರಿಸಿದ, ಆಮೇಲೆ ಕೆರೆ ಕಾಣುವ ಕಿಟಕಿ, ಆಮೇಲೆ ಆ ಕಿಟಕಿಯ ಕಥೆ. ನಲವತ್ತೆಂಟು ಬಾಟಲಿ ಹಿಂದಿನ ಸೀಟಿನಲ್ಲಿ ಗಿಲಗಿಲ ಎನ್ನುತ್ತ ಹೆದ್ದಾರಿಗೆ ಬಂದಾಗ ಎರಡೂವರೆ. ಹೆದ್ದಾರಿ ಎಂದಿನಂತೆ ನಿಂತಿತ್ತು.

ಫೋನ್ ಬಂತು. ತಂಗಿ ರಾಜೇಶ್ವರಿ.

"ಅಣ್ಣಾ, ನನ್ನ ಶಿಫ್ಟ್ ಚೇಂಜ್ ಆತು. ಅವ್ವನ್ನ ಹನ್ನೆರಡೂವರಿಗೇ ನಿಮ್ಮನಿಗೆ ಬಿಟ್ಟು ಬಂದೀನಿ. ಸ್ಪೇರ್ ಕೀ ಇತ್ತಲ್ಲ. ಮೆಸೇಜ್ ನೋಡಲಿಲ್ಲೇನು?"

ಬಸವೇಶ ಬ್ರೇಕ್ ಒತ್ತಿದ. ಕಾರು ಮೊದಲೇ ನಿಂತಿದ್ದರಿಂದ ಯಾರಿಗೂ ಏನೂ ಆಗಲಿಲ್ಲ.

"ಎರಡು ತಾಸು ಆತಲ್ಲೋ ಮಾರಾಯಾ," ಎಂದ, ಫೋನಿಟ್ಟು, ಯಾರಿಗೆ ಎಂದಿಲ್ಲದೆ. "ನಮ್ಮವ್ವ ಯಾರ ಮನಿಗೆ ಹೋದ್ರೂ ಮೊದಲು ನೋಡೋದು ಅಡಿಗಿಮನಿ ಡ್ರಾಯರು."

"ಅದು ನಿಮ್ಗೆ ನಿನ್ನೆ ಅಂಗಡಿಯಲ್ಲಿ ನೆನಪಾಗ್ಲಿಲ್ವಾ?" ಎಂದ ಚೆನ್ನಯ.

ನಾಲ್ಕೂಕಾಲಕ್ಕೆ ಬಾಗಿಲು ತೆರೆದರೆ ಮನೆ ತುಂಬ ಏಲಕ್ಕಿಯ ಘಮ. ಶಿರಾ ಮಾಡುತ್ತಿದ್ದಾಳೆ, ದೇವರು ದೊಡ್ಡವನು ಎಂದುಕೊಂಡ ಬಸವೇಶ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಡ್ರಾಯರು ತೆರೆದಿತ್ತು. ಬೇಸ್‌ಮೆಂಟಿನ ದೀಪ ಉರಿಯುತ್ತಿತ್ತು.

ಕೆಳಗೆ, ಹಿಂದೆ ಬಾಡಿಗೆಗೆ ಕೊಡಲೆಂದು ಮಾಡಿಸಿದ್ದ ಸಣ್ಣ ಅಡುಗೆ ಕಟ್ಟೆಯ ಪಕ್ಕದಲ್ಲಿ, ಪಾರ್ವತೆವ್ವ ಸೆರಗು ಸಿಕ್ಕಿಸಿಕೊಂಡು ಸಣ್ಣ ಸ್ಟೂಲಿನ ಮೇಲೆ ಕೂತಿದ್ದಳು. ಮುಂದೆ ಬಕೆಟ್. ಕಂಬಳಿ ನಾಲ್ಕು ಮಡಿಕೆಯಾಗಿ ಮೂಲೆ ಸೇರಿತ್ತು. ಮಡಿಲಲ್ಲಿ ಕ್ಯಾಪರ್ ಮೊಮ್ಮಗುವಿನಂತೆ ಮಲಗಿತ್ತು.

"ಬಾರೋ ತಮ್ಮಾ. ಲಟ್ಟಣಿಗಿ ಹುಡಕಲಿಕ್ಕೆ ಹ್ವಾದ್ರ ಇದು ಸಿಕ್ತು. ಮಷೀನ್ ಐತಿ ಅಂದ ಮ್ಯಾಲ ತುಂಬೋದೂ ಎಲ್ಲೋ ಇರಬೇಕಲ್ಲಾ ಅಂತ ಹುಡಕಿದೆ. ಏನಿದು?"

ಬಸವೇಶ ಸುತ್ತಲೂ ನೋಡಿದ. ಅವನ ಕಣ್ಣು ಗೋಡೆಗೊರಗಿದ್ದ, ಬೀರಿಗೆ ಬಳಸಿದ ಧಾನ್ಯದ ಚೀಲದ ಮೇಲೆ ಬಿತ್ತು. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಾರ್ಲಿ ಎಂದಿತ್ತು.

"ಬಾರ್ಲಿ ನೀರು ಅವ್ವಾ. ಕಿಡ್ನಿಯೊಳಗ ಕಲ್ಲು ಆಗ್ಯಾವ. ಡಾಕ್ಟರ್ ಕುಡಿ ಅಂದಾರ."

"ನನ್ಗೂ ಉಂಟು ಅಮ್ಮಾ, ಕಲ್ಲು," ಎಂದ ಚೆನ್ನಯ ತಕ್ಷಣ, ಹೊಟ್ಟೆಯ ತಪ್ಪು ಜಾಗ ಒತ್ತಿಕೊಳ್ಳುತ್ತ. "ಇವರಿಗಿಂತ ದೊಡ್ಡದು."

ಪಾರ್ವತೆವ್ವ ಇಬ್ಬರನ್ನೂ ಒಂದು ಗಳಿಗೆ ನೋಡಿದಳು. "ಪಾಪ," ಎಂದಳು. "ಹಂಗಾರ ನಿಂತ್ಕೊಂಡು ನೋಡ್ತೀರೇನು? ಬಾಟ್ಲಿ ತರ್ರಿ. ಬಿಸಿನೀರಾಗ ತೊಳದು ಕೊಡ್ರಿ."

ಆಮೇಲೆ ನಡೆದದ್ದನ್ನು ಚೆನ್ನಯ ಇಂದಿಗೂ ಬಸ್ಸಿನ ಸಹೋದ್ಯೋಗಿಗಳಿಗೆ ಹೇಳುತ್ತಾನೆ. ಮಹಿಳಾ ಮಂಡಳದ ಶರಬತ್ತಿನ ಕಾಲದಲ್ಲಿ ಇಂಥದೇ ಮಷೀನಿನಿಂದ ದಿನಕ್ಕೆ ನಾನೂರು ಬಾಟಲಿ ಮುಚ್ಚಿದ ಕೈ ಅದು. ನೆಲದ ಮೇಲೆ ಒದ್ದೆ ಟವೆಲ್ ಹಾಸಿದಳು, ಬಾಟಲಿ ಜಾರಬಾರದಲ್ಲ. ಬಕೆಟಿನ ನಳದಿಂದ ಬಾಟಲಿ ತುಂಬಿದಳು, ಮೇಲೆ ಎರಡು ಬೆರಳು ಜಾಗ ಬಿಟ್ಟಳು. ಮುಚ್ಚಳವಿಟ್ಟು, ಕ್ಯಾಪರ್ ಕೂರಿಸಿ, ಎರಡೂ ರೆಕ್ಕೆ ಇಳಿಸಿದಳು. 'ಕಟಕ್.' ಒಂದೇ ಸದ್ದು.

"ನೋಡಿಲ್ಲೆ. ಎರಡೂ ಕೈ ಒಂದ ಸಲಕ್ಕ ಇಳೀಬೇಕು. ಒಂದು ಕೈ ಮುಂದ ಓಡಿತಂದ್ರ ಮುಚ್ಚಳಾ ಸೊಟ್ಟ. ಸಿಟ್ಟಿಲೆ ಒತ್ತಬಾರದು. ಮಕ್ಕಳ ತಲಿ ಒತ್ತಿದಂಗ ಒತ್ತಬೇಕು." ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದಳು. ಒಂದು ಹನಿ ಬೀಳಲಿಲ್ಲ.

ಬಸವೇಶ ತೊಳೆದ, ಚೆನ್ನಯ ಒರೆಸಿದ, ಪಾರ್ವತೆವ್ವ ಒತ್ತಿದಳು. ಕಟಕ್, ಕಟಕ್, ಕಟಕ್. ತುಂಬಿದ ಬಾಟಲಿ ಕೈಗೆ ಬೆಚ್ಚಗೆ ತಾಗುತ್ತಿತ್ತು. ಬಿಸಿನೀರಲ್ಲಿ ತೊಳೆದದ್ದರಿಂದ ಇರಬೇಕು ಎಂದುಕೊಂಡ ಬಸವೇಶ. ಅವನ ಎದೆ ಅದಕ್ಕಿಂತ ಬೆಚ್ಚಗಿತ್ತು. ಸರಾಯಿ ಅಂಗಡಿ ಮುಚ್ಚಿಸಿದ ಪಾರ್ವತೆವ್ವ ಹೊಸಮನಿ ತನ್ನ ಕೈಯಾರೆ ಮಗನ ಬೀರಿಗೆ ಮುಚ್ಚಳ ಹಾಕುತ್ತಿದ್ದಾಳೆ! ಇಂಥ ಗೆಲುವು ಹೊಸಮನಿ ವಂಶದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಚೆನ್ನಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದ.

ಐದೂಕಾಲಕ್ಕೆ ನೇತ್ರಾ ಮೆಟ್ಟಿಲಿಳಿದು ಬಂದಳು. ಗೋಡೆಯುದ್ದಕ್ಕೂ ನಲವತ್ತೆಂಟು ಬಾಟಲಿ, ಕವಾಯತಿಗೆ ನಿಂತ ಪೊಲೀಸರಂತೆ. ನಡುವೆ ಅತ್ತೆ. ನೇತ್ರಾ ಗಂಡನನ್ನು ನೋಡಿದಳು. ಗಂಡ ಮೊದಲ ಬಾರಿಗೆ ಕಣ್ಣು ತಪ್ಪಿಸದೆ ತಿರುಗಿ ನೋಡಿದ.

"ಆತ ನೋಡ," ಎಂದ. "ಆರರೊಳಗ ಅಂದಿದ್ದಿ. ನಲವತ್ತೈದು ನಿಮಿಷ ಮೊದಲ ಆತು."

ಹೀಗೆಂದವನೇ ಗಕ್ಕನೆ ನಿಂತ. ಬಾಟಲಿಯೊಳಗೆ ಗ್ಯಾಸ್ ಹುಟ್ಟಬೇಕಾದರೆ ಮುಚ್ಚುವ ಮೊದಲು ಬಕೆಟಿಗೆ ಒಂದು ಹಿಡಿ ಸಕ್ಕರೆ ಹಾಕಬೇಕು. ಖುಷಿಯಲ್ಲಿ ಮರೆತೇ ಹೋಗಿತ್ತು. ಸಕ್ಕರೆ ಇಲ್ಲದಿದ್ದರೆ ಚುಸ್ ಇಲ್ಲ. ಮತ್ತೊಂದು ತಿಥಿ.

"ಅಯ್ಯೋ, ಸಕ್ಕರಿ!"

"ಹಾಕೀನಲ್ಲೋ," ಎಂದಳು ಪಾರ್ವತೆವ್ವ.

"ಹಾಕೀಯಾ? ಎಷ್ಟು?"

"ಎರಡು ಕಿಲೋ."

ಚೆನ್ನಯನ ಕೈಯಿಂದ ಟವೆಲ್ ಬಿತ್ತು. ಒಂದು ಹಿಡಿಗೆ ಚುಸ್ ಅಂದರೆ ಎರಡು ಕಿಲೋಗೆ ಏನನ್ನಬಹುದು ಎಂಬ ಲೆಕ್ಕ ಅವನ ಮುಖದ ಮೇಲೆ ಓಡಿತು. "ಬಾಂಬು ಮಾರಾಯ್ರೆ! ನಲವತ್ತೆಂಟು ಬಾಂಬು! ನನ್ನ ಗೋಡೆ ಪಕ್ಕದಲ್ಲೇ ಇಟ್ಟಿದ್ದೀರಿ!" ಎಂದು ಮೆಟ್ಟಿಲಿಗೆ ಹಾರಿದ. ಬಸವೇಶ ತಾಯಿಯ ರಟ್ಟೆ ಹಿಡಿದ. "ಅವ್ವಾ, ಏಳ! ಮ್ಯಾಲ ನಡಿ! ಒಡೀತಾವು!"

ಪಾರ್ವತೆವ್ವ ಅಲುಗಲಿಲ್ಲ. "ಯಾಕ ಒಡೀತಾವು?"

"ಒಳಗ ಯೀಸ್ಟ್ ಐತಿ! ಸಕ್ಕರಿ ತಿಂದು ಗ್ಯಾಸ್ ಮಾಡ್ತದ!"

"ಎಲ್ಲಿಯ ಯೀಸ್ಟು? ಮುಚ್ಚಳಾ ತಗದ್ರ ಹುಳಿ ವಾಸನಿ ಹೊಡೀತಿತ್ತು. ಮಂಡಳದಾಗ ಹಂಗಾದ್ರ ಏನ ಮಾಡ್ತಿದ್ವಿ? ದೊಡ್ಡ ಪಾತೇಲಿಗೆ ಹಾಕಿ ಒಂದು ತಾಸು ಚಲೋತ್ನಂಗ ಕುದಿಸೀನಿ. ಸಕ್ಕರಿ, ಯಾಲಕ್ಕಿ, ಹನ್ನೆರಡು ನಿಂಬಿಹಣ್ಣು ಹಾಕೀನಿ. ಇನ್ನ ವರ್ಷ ಇಟ್ರೂ ಏನೂ ಆಗಂಗಿಲ್ಲ."

ಏಲಕ್ಕಿಯ ಘಮ ಎಲ್ಲಿಂದ ಬಂದಿತ್ತೆಂದು ಬಸವೇಶನಿಗೆ ಈಗ ತಿಳಿಯಿತು. ಮೂರು ವಾರ ಕಾದ ಬೀರು ಒಂದು ತಾಸಿನಲ್ಲಿ ಚಿಮಣಿಯಿಂದ ಹಾರಿ ಸ್ಕಾರ್‌ಬರೋದ ಆಕಾಶ ಸೇರಿತ್ತು. ಅದನ್ನು ಉಸಿರಾಡಿದ ಎದುರು ಮನೆಯ ಮುದುಕಿ ಆ ಹೊತ್ತಿಗೆ ಹಾಡುತ್ತಿದ್ದರೂ ಆಶ್ಚರ್ಯವಿರಲಿಲ್ಲ.

ನೇತ್ರಾ ಒಂದು ಬಾಟಲಿ ತೆಗೆದುಕೊಂಡು ಓಪನರ್ ಹಾಕಿದಳು. ಮುಚ್ಚಳ ಬಿಡಲೊಲ್ಲದು, ಮೂರನೆಯ ಸಲಕ್ಕೆ ಬಂತು. ಚುಸ್ ಎನ್ನಲಿಲ್ಲ. ಲೋಟಕ್ಕೆ ಸುರಿದು ಮೆಟ್ಟಿಲ ಮೇಲೆ ನಿಂತಿದ್ದ ಚೆನ್ನಯನಿಗೂ ಒಂದು ಕೊಟ್ಟಳು. ಚೆನ್ನಯ ಕುಡಿದ. ಇನ್ನೊಮ್ಮೆ ಕುಡಿದ. "ಅಮ್ಮಾ," ಎಂದ, ದ್ರೋಹ ಬಗೆಯುವವನ ಸಣ್ಣ ದನಿಯಲ್ಲಿ, "ಭಾರೀ ಲಾಯ್ಕುಂಟು."

"ನಾಳೆ ನಮ್ಮ ವಚನ ಗೋಷ್ಠಿಗೆ ನಲವತ್ತು ಬಾಟ್ಲಿ ತರ್ತೀನಿ ಅಂತ ಆಗಲೇ ಫೋನ್ ಮಾಡಿ ಹೇಳೀನಿ," ಎಂದಳು ಪಾರ್ವತೆವ್ವ, ಏಳುತ್ತ. "ಏಳು ಉಳೀತಾವು. ಕಲ್ಲು ಆದವರಿಗೆ ಅವು. ದಿನಾ ಮುಂಜಾನಿ ಒಂದೊಂದು, ಖಾಲಿ ಹೊಟ್ಟಿಲೆ. ಇನ್ನೂ ಬಾಟ್ಲಿ ಬೇಕಾಗ್ತಾವ ಚೆನ್ನಯಪ್ಪಾ. ತರ್ತೀಯಿಲ್ಲೋ?"

"ತರ್ತೇನೆ ಅಮ್ಮಾ!" ಎಂದ ಚೆನ್ನಯ. ಇನ್ನು ಮುಂದೆ ತಾನು ಕುಡಿಯುವ ಪ್ರತಿ ಬೀರೂ ಒಂದು ಒಳ್ಳೆಯ ಕೆಲಸಕ್ಕೆ ಸಲ್ಲುತ್ತದೆಂದು ಅವನ ಮುಖ ಬೆಳಗಿತು. "ಈ ಸಲ ಓಪನರಲ್ಲಿ ತೆಗೆಯುದನ್ನೇ ಕುಡಿಯುದು."

ಬಸವೇಶ ಕ್ಯಾಪರಿಗೆ ಕೈ ಚಾಚಿದ. ಪಾರ್ವತೆವ್ವ ಅದನ್ನು ಸೆರಗಿನಲ್ಲಿ ಒರೆಸಿ, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲೇರಿದಳು. ನಡುವೆ ನಿಂತು ಹಿಂತಿರುಗಿ ನೋಡಿದಳು.

"ತಮ್ಮಾ, ಹನ್ನೊಂದು ದಿನ ಸರಾಯಿ ಅಂಗಡಿ ಮುಂದ ಕುಂತಾಕಿ ನಾ. ವಾಸನಿ ಗೊತ್ತಾಗಂಗಿಲ್ಲಂತ ತಿಳದಿದ್ದೇನು? ಆ ಅಂಗಡಿ ಬಂದ್ ಮಾಡಲಿಕ್ಕೆ ಹನ್ನೆರಡು ದಿನಾ ಹಿಡದಿತ್ತು. ನಿಂದು ಒಂದ ಮಧ್ಯಾಹ್ನದಾಗ ಆತು. ಮಷೀನ್ ಚಲೋ ಆರಿಸಿ ತಂದೀಯಪ್ಪಾ."