ಮಾಯಸಂದ್ರದ ರಂಗ ಕೊಟ್ಟ ಪಾಸು

ಎಲ್ಲ ತೊಂದರೆಗೂ ಮೂಲ ಒಂದು ಕೈ. ಆ ಕೈ ಆರೂವರೆ ಅಡಿ ಎತ್ತರದ ಆಸಾಮಿಯೊಬ್ಬನದು. ಮೂವತ್ತೊಂಬತ್ತು ವರ್ಷದ ಹಿಂದೆ ಅದು ಮಾಯಸಂದ್ರದ ಶ್ರೀರಂಗಯ್ಯನ ಹೆಗಲ ಮೇಲೆ ಕೂತಿತ್ತು, ಫೋಟೋದಲ್ಲಿ ಹಾಗೇ ಉಳಿದುಕೊಂಡಿತ್ತು.

"ಈ ಕೈ ಏನ್ಮಾಡ್ಲಿ ಅಂಕಲ್?" ಎಂದಳು ಫ್ಲೆಕ್ಸ್ ಅಂಗಡಿಯ ಇಂಪನಾ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

"ತೆಗೆದಾಕಮ್ಮ. ಜೀವಮಾನ ಪೂರ್ತಿ ಆವಯ್ಯನ ಕೈಯೇ ಮೇಲಾಯ್ತು," ಎಂದ ಯೋಗೀಶ.

"ಕೈ ತೆಗುದ್ರೆ ಹಿಂದಿರೋ ತಲೇನೂ ತೆಗೀಬೇಕು. ಆಮೇಲೆ ಅಲ್ಲಿ ದೊಡ್ಡ ತೂತು ಬೀಳ್ತದೆ."

"ಏನಾದ್ರೂ ತುಂಬ್ಸು."

ಇಂಪನಾ ತುಂಬಿಸಿದಳು. ಶ್ರೀರಂಗಯ್ಯನ ತಲೆಯ ಹಿಂದೆ ದುಂಡಗೆ ಒಂದು ಬೆಳಕು ಬಂತು, ದೇವರ ಪಟದಲ್ಲಿ ಇರುತ್ತದಲ್ಲ, ಅಂಥದು. "ಕಪ್ಪು ಬಿಳುಪು ಐತೆ, ಕಲರ್ ಮಾಡ್ಲಾ? ಒಂದೇ ನಿಮಿಷ."

"ಬ್ಯಾಡ. ಅವ್ರ ಜರ್ಸಿ ಯಾವ ಬಣ್ಣ ಇತ್ತೋ ನಂಗೆ ಗ್ಯಾಪಕ ಇಲ್ಲ. ಸುಳ್ಳು ಬಣ್ಣ ಬಳಿಯೋದು ತಪ್ಪು."

ಪಾಪ, ಯೋಗೀಶ ಅಷ್ಟು ಪ್ರಾಮಾಣಿಕ. ಹೊನ್ನವಳ್ಳಿ ರಸ್ತೆಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವುದು ಅವನ ಕಸುಬು. ತಾಲ್ಲೂಕಿನ ಅರ್ಧ ತೆಂಗಿನ ತೋಟಗಳ ಮೋಟರು ಅವನ ಕೈಯಲ್ಲಿ ಒಮ್ಮೆಯಾದರೂ ಬಿಚ್ಚಿಕೊಂಡಿದ್ದವು. ಮೋಟರಿನ ವಿಷಯ ಬಿಟ್ಟರೆ ಅವನಿಗೆ ಗೊತ್ತಿದ್ದ ವಿಷಯ ಇನ್ನೊಂದೇ: ಮಾಯಸಂದ್ರದ ರಂಗನ ಬ್ಯಾಸ್ಕೆಟ್‌ಬಾಲ್.

ಎಂಬತ್ತಾರನೇ ಇಸವಿ. ಯೋಗೀಶನಿಗೆ ಹದಿಮೂರು. ತಿಪಟೂರಿನಲ್ಲಿ ಟೂರ್ನಮೆಂಟು. ಬೆಂಗಳೂರಿನ ಕಾರ್ಖಾನೆಯೊಂದರ ತಂಡದಲ್ಲಿ ಸಂಬಳ ತಗೊಂಡು ಆಡುತ್ತಿದ್ದ ಐದಡಿ ಐದಂಗುಲದ, ಚೆಂಡು ಹಂಚುವ ಗಾರ್ಡ್, ಶ್ರೀರಂಗಯ್ಯ. ಫೈನಲ್ ಆಟ, ಕೊನೆಯ ಹತ್ತು ಸೆಕೆಂಡು, ಒಂದು ಪಾಯಿಂಟ್ ಹಿಂದೆ. ಚೆಂಡು ರಂಗನ ಕೈಯಲ್ಲಿ! ಮೂವರು ಮೈಮೇಲೆ ಬಿದ್ದರು. ರಂಗ ಬುಟ್ಟಿಯತ್ತ ಕಣ್ಣು ನೆಟ್ಟ, ನೆಗೆದ, ಎದುರಾಳಿಗಳೂ ನೆಗೆದರು, ನೋಡುತ್ತಿದ್ದ ಯೋಗೀಶನೂ ಕೂತಲ್ಲೇ ನೆಗೆದ. ಗಾಳಿಯಲ್ಲಿರುವಾಗಲೇ ರಂಗನ ಕೈ ಬೆನ್ನ ಹಿಂದೆ ಹೋಯಿತು. ಚೆಂಡು ಎಲ್ಲಿ? ಅದು ಆಗಲೇ ಫೋಟೋದ ಆ ಉದ್ದನೆಯವನ ಅಂಗೈಯಲ್ಲಿ ಕೂತಿತ್ತು. ಅವನು ಸುಮ್ಮನೆ ಬುಟ್ಟಿಗೆ ಇಳಿಬಿಟ್ಟ. ಸೀಟಿ! ಗೆಲುವು!

ಬುಟ್ಟಿಗೆ ಹಾಕಿದವನ ಹೆಸರು ಪೇಪರಿನಲ್ಲಿ ಬಂತು. ಕೊಟ್ಟವನ ಹೆಸರು ಯೋಗೀಶನ ಎದೆಯಲ್ಲಿ ಉಳಿಯಿತು. ಒಂಬತ್ತು ವರ್ಷ ಆಡಿದರೂ ಯಾರೂ ರಂಗನನ್ನು ದೇಶದ ತಂಡಕ್ಕೆ ಕರೆಯಲಿಲ್ಲ, ಒಂದು ಶಾಲು ಹೊದಿಸಲಿಲ್ಲ. ಈ ಅನ್ಯಾಯವನ್ನು ಯೋಗೀಶ ತನ್ನ ಅಂಗಡಿಗೆ ಬಂದ ಪ್ರತಿಯೊಬ್ಬ ರೈತನಿಗೂ ಹೇಳಿದ್ದ. ಮೋಟರು ರಿಪೇರಿಯಾಗುವವರೆಗೆ ಅವರು ಎದ್ದು ಹೋಗುವಂತಿರಲಿಲ್ಲ.

ಕೊನೆಗೆ ಹೇಗೋ ನಂಬರು ಹುಡುಕಿ, ಬೆಂಗಳೂರಿನಲ್ಲಿದ್ದ ಶ್ರೀರಂಗಯ್ಯನಿಗೆ ಫೋನು ಮಾಡಿದ್ದ. "ತಿಪಟೂರಲ್ಲಿ ನಿಮಗೆ ಸನ್ಮಾನ ಸಾರ್!"

"ನಂಗಾ? ಯಾರಪ್ಪಾ ಬತ್ತಾರೆ ನನ್ನ ನೋಡೋಕೆ?"

"ಇಡೀ ತಿಪಟೂರೇ ಬತ್ತದೆ ಸಾರ್!"

ಆ ಮಾತು ಬಾಯಿಂದ ಜಾರಿದ ದಿನದಿಂದ ಯೋಗೀಶನಿಗೆ ಅನ್ನ ಸೇರಲಿಲ್ಲ. ಶ್ರೀರಂಗಯ್ಯನಿಗೆ ಬಿಡುವಿದ್ದದ್ದು ಬುಧವಾರ. ಬುಧವಾರ ತಿಪಟೂರಿನಲ್ಲಿ ಕೊಬ್ಬರಿ ಟೆಂಡರು. ಕೊಬ್ಬರಿ ಮಂಡಿಯ ರೇವಣಸಿದ್ದಯ್ಯನವರನ್ನು ಅಧ್ಯಕ್ಷತೆಗೆ ಕರೆಯಲು ಹೋದರೆ, "ಯಾವ ರಂಗ್ನಲಾ? ಟೆಂಡರ್ ದಿನ ನಮ್ಮಪ್ಪ ಕರುದ್ರೂ ಬರಕಿಲ್ಲ ಹೋಗ್ಲಾ," ಎಂದು ಕಳಿಸಿದರು. ನೂರು ಕುರ್ಚಿ ಬಾಡಿಗೆಗೆ ಹೇಳಿಯಾಗಿತ್ತು. ಖಂಡಿತ ಬರುತ್ತೇನೆಂದವರು ಇಬ್ಬರು. ಅವರಲ್ಲಿ ಒಬ್ಬರು ಟೀ ಅಂಗಡಿಯ ಮಂಜಮ್ಮ, ಅದೂ ಟೀ ಕೊಡುವುದಕ್ಕೆ.

ಬುಧವಾರ ಬೆಳಿಗ್ಗೆ ಏಳಕ್ಕೆ ಆಟದ ಅಂಗಳದ ಗೇಟಿನ ಪಕ್ಕ ಫ್ಲೆಕ್ಸ್ ಏರಿತು. ಮೇಲೆ ಕಪ್ಪು ಬಿಳುಪಿನ ರಂಗ, ತಲೆಯ ಹಿಂದೆ ಬೆಳಕು, ಪಕ್ಕದಲ್ಲಿ ಹೆಸರು, ಕೆಳಗೆ ದಪ್ಪಕ್ಷರದಲ್ಲಿ 'ಸುಸ್ವಾಗತ'. ಕಟ್ಟಿಸಿ ಯೋಗೀಶ ಶಾಲು, ಹಾರ ತರಲು ಪೇಟೆಗೆ ಹೋದ.

ಆದರೆ ಫ್ಲೆಕ್ಸ್ ಎನ್ನುವುದು ನಮ್ಮ ಕಡೆ ಓದುವ ವಸ್ತುವಲ್ಲ, ದಾಟುವಾಗ ನೋಡುವ ವಸ್ತು. ಫೋಟೋ ಬಣ್ಣದ್ದಾಗಿದ್ದರೆ ಹುಟ್ಟುಹಬ್ಬ, ಕಪ್ಪು ಬಿಳುಪಾಗಿದ್ದರೆ ಹೋದರು. ಹಿಂದೆ ಬೆಳಕೂ ಇದ್ದರೆ ಬಹಳ ಒಳ್ಳೆಯವರು ಹೋದರು. ಹೂ ಮಾರುವ ಹನುಮಕ್ಕ ಬುಟ್ಟಿ ಇಳಿಸಿ, ಲೊಚಗುಟ್ಟಿ, ಒಂದು ಮಾರು ಸೇವಂತಿಗೆಯನ್ನು ಫ್ಲೆಕ್ಸಿಗೆ ಅಡ್ಡಲಾಗಿ ಕಟ್ಟಿ ಹೋದಳು. ಹೂವು ಸರಿಯಾಗಿ 'ಸುಸ್ವಾಗತ'ದ ಮೇಲೆ ಕೂತಿತು.

ಒಂಬತ್ತಕ್ಕೆ ಯೋಗೀಶ ಬಂದಾಗ ಗೇಟಿನ ಮುಂದೆ ನಲವತ್ತು ಜನ. ಅವನ ಎದೆ ಪೂರಿಯಂತೆ ಉಬ್ಬಿತು. ಮಂಜಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತಾ ಎದುರು ಬಂದಳು.

"ಯಾವಾಗ ಹೋದ್ರಪ್ಪ?"

"ಯಾರು?"

"ಇವ್ರೇ ಕಣಪ್ಪ, ಫ್ಲೆಕ್ಸಲ್ಲಿರೋರು."

"ಅಯ್ಯೋ, ಹೋಗಿಲ್ಲ ಕಣಕ್ಕ, ಬತ್ತಾವ್ರೆ! ಹನ್ನೊಂದೂವರೆ ಬಸ್ಸಿಗೆ."

"ಬಾಡೀನ ಬಸ್ಸಲ್ಲಿ ತತ್ತಾರಾ? ಆಂಬುಲೆನ್ಸ್ ಸಿಗ್ಲಿಲ್ವಾ?"

ಯೋಗೀಶ ಬಾಯಿ ತೆರೆದ. ಅಷ್ಟರಲ್ಲಿ ಒಂದು ಟೆಂಪೋದಿಂದ ಇಪ್ಪತ್ತು ಜನ ಇಳಿದು, ಮುಖ ಸಣ್ಣದು ಮಾಡಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುರ್ಚಿಯ ಮೇಲೆ ಕೂತರು. ಮೊದಲ ಸಾಲು ತುಂಬಿತು. ಎರಡನೆಯದೂ ತುಂಬಿತು. ಯೋಗೀಶ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿದ.

ಹೇಳುತ್ತೇನೆ, ಎಂದುಕೊಂಡ. ಮೂರನೇ ಸಾಲು ತುಂಬಲಿ, ಹೇಳುತ್ತೇನೆ.

ಮೂರು ತುಂಬಿತು, ಐದು ತುಂಬಿತು, ಕುರ್ಚಿ ಮುಗಿದು ಜನ ಸುತ್ತ ನಿಂತರು. ಜನರ ಫೋನುಗಳಲ್ಲಿ 'ಓಂ ಶಾಂತಿ' ಟಿಂಗ್ ಟಿಂಗ್ ಎಂದು ಉದುರತೊಡಗಿತು. ತುರುವೇಕೆರೆಯಿಂದ ಬಂದರು, ಚಿಕ್ಕನಾಯಕನಹಳ್ಳಿಯಿಂದ ಬಂದರು. ಟೆಂಡರ್ ದಿನ ಮದುವೆಗೆ ಹೋಗದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಸಾವಿಗೆ ಹೋಗದಿದ್ದರೆ ಆಡಿಕೊಳ್ಳುತ್ತಾರೆ. ಹತ್ತೂವರೆಗೆ ಸ್ವತಃ ರೇವಣಸಿದ್ದಯ್ಯನವರೇ ಬಿಳಿ ಪಂಚೆಯಲ್ಲಿ ಇಳಿದು, ನೇರವಾಗಿ ವೇದಿಕೆ ಹತ್ತಿ ಮೈಕು ಹಿಡಿದರು.

"ಬಾಡಿ ಬರಕಿಲ್ಲ ಕಣ್ರಪ್ಪ, ಬೆಂಗಳೂರಲ್ಲೇ ಎಲ್ಲಾ ಮುಗುದೋಯ್ತಂತೆ," ಎಂದರು. ಯಾರು ಹೇಳಿದರೆಂದು ಯಾರೂ ಕೇಳಲಿಲ್ಲ. "ರಂಗ ನಂಗೆ ತಮ್ಮ ಇದ್ದಂಗೆ. ಒಂದೇ ಆಟದಲ್ಲಿ ಅರವತ್ತು ಪಾಯಿಂಟ್ ಹೊಡೆದವ್ನು!"

ಚಪ್ಪಾಳೆ ಬಿತ್ತು. ಸಾವಿನ ಸಭೆಯೆಂದು ನೆನಪಾಗಿ ನಿಂತಿತು. ಆಮೇಲೆ ತಡೆಯಲಾರದೆ ಮತ್ತೆ ಬಿತ್ತು.

"ಆರಡಿ ಆಳು ಕಣ್ರೀ!" ಎಂದರು ಎರಡನೇ ಸಾಲಿನಿಂದ ಒಬ್ಬರು.

"ಅರ್ಧ ಅಂಗಳದಿಂದ ಒಂದೇ ಕೈಲಿ ಎಸಿಯೋನು. ಬುಟ್ಟಿಗೆ ಬಿದ್ದ ಸದ್ದು ನಮ್ಮ ತೋಟದವರ್ಗೂ ಕೇಳ್ಸೋದು!"

"ಆಡಿ ಬಂದು ನಮ್ಮನೇಲಿ ಐದು ಮುದ್ದೆ ಉಣ್ಣೋನು!"

"ಏ ಬುಡಪ್ಪ, ಏಳು!"

ಸಭೆ ರಂಗೇರಿತು. ವಯಸ್ಸಾದವರು ಎದ್ದು ನಿಂತು ರಂಗ ನೆಗೆದದ್ದನ್ನು ತಾವೇ ನೆಗೆದು ತೋರಿಸಿದರು. ಯೋಗೀಶನಿಗೆ ಒಂದು ಕಣ್ಣಲ್ಲಿ ಆನಂದ, ಇನ್ನೊಂದರಲ್ಲಿ ಗಾಬರಿ. ಮೂವತ್ತೊಂಬತ್ತು ವರ್ಷ ಅವನು ಕಾದದ್ದು ಈ ಗದ್ದಲಕ್ಕೇ. ಆದರೆ ಪಾಸಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಗಂಟೆ ಬೇರೆ ಹನ್ನೊಂದೂಕಾಲು. ಅವನು ವೇದಿಕೆಗೆ ನುಗ್ಗಿ ಮೈಕಿಗೆ ಬಾಯಿ ಕೊಟ್ಟ.

"ಒಂದ್ನಿಮಿಷ! ರಂಗಣ್ಣ ಸತ್ತಿಲ್ಲ! ಬದುಕವ್ರೆ!"

ರೇವಣಸಿದ್ದಯ್ಯನವರು ಗದ್ಗದಿತರಾಗಿ ಅವನನ್ನು ತಬ್ಬಿಕೊಂಡರು. "ನಿಜ ಕಣಪ್ಪ! ನಮ್ಮೆಲ್ಲರ ಎದೇಲಿ ಬದುಕವ್ರೆ!"

ಈ ಸಲದ ಚಪ್ಪಾಳೆಗೆ ಶಾಮಿಯಾನ ಅಲ್ಲಾಡಿತು.

ಫೋನು ಬಂದಾಗ ಯೋಗೀಶ ಗೇಟಿಗೆ ಓಡಿದ. ಆಟೋದಿಂದ ಇಳಿದವರು ಗಿಡ್ಡನೆಯ, ಬೋಳುತಲೆಯ, ಹೊಟ್ಟೆ ಮುಂದಾದ, ಹೆಗಲಿಗೆ ಬಟ್ಟೆಚೀಲ ಹಾಕಿದ್ದ ಒಬ್ಬ ಹಿರಿಯರು. ಮೂಗು ಮಾತ್ರ ಫೋಟೋದ್ದೇ. ಯೋಗೀಶ ಕಾಲಿಗೆ ಬಿದ್ದ, ಬಿದ್ದಲ್ಲಿಂದಲೇ ತೊದಲುತ್ತಾ ನಡೆದದ್ದೆಲ್ಲ ಒಪ್ಪಿಸಿದ.

ಶ್ರೀರಂಗಯ್ಯ ಹಾರ ಹಾಕಿದ್ದ ತಮ್ಮ ಫೋಟೋವನ್ನು ತಲೆ ಓರೆ ಮಾಡಿ ನೋಡಿದರು. "ಚೆನ್ನಾಗೈತೆ. ಹಿಂದ್ಗಡೆ ಇದ್ಯಾವ ಲೈಟು?"

"ಅದೊಂದು ಕೈ ಸಾರ್... ಬುಡಿ, ಆಮೇಲೆ ಹೇಳ್ತೀನಿ. ನೀವು ಬ್ಯಾಸರ ಮಾಡ್ಕಬ್ಯಾಡಿ."

"ಸಾವೇನಪ್ಪ, ಇವತ್ತಲ್ಲ ನಾಳೆ ಐತೆ. ಜನ ಬಂದವ್ರಲ್ಲ, ಸಂತೋಷ." ಅಷ್ಟರಲ್ಲಿ ಮೈಕಿನಲ್ಲಿ ಮತ್ತೆ ಅರವತ್ತು ಪಾಯಿಂಟು ಕೇಳಿಸಿತು. ಅವರ ಹುಬ್ಬು ಗಂಟಾಯಿತು. "ಅರವತ್ತಾ? ಯಾರು ಹೊಡೆದಿದ್ದು?"

"ನೀವೇ ಸಾರ್."

"ಥೂ!" ಎಂದರು ಶ್ರೀರಂಗಯ್ಯ. ಸತ್ತ ಸುದ್ದಿಗೆ ಬೇಸರಪಡದ ಮುಖ ಈಗ ಕೆಂಡವಾಯಿತು. ಚೀಲವನ್ನು ಯೋಗೀಶನ ಕೈಗೆ ತುರುಕಿ ದಡದಡ ವೇದಿಕೆಗೆ ನಡೆದರು.

"ತಾವು ರಂಗನ ಜೊತೆ ಆಡಿದೋರಾ?" ಎಂದು ರೇವಣಸಿದ್ದಯ್ಯನವರು ಭಕ್ತಿಯಿಂದ ಮೈಕು ಕೊಟ್ಟರು.

"ಹೂಂ. ಆಡಿದ್ದಷ್ಟು ದಿನಾನೂ ಜೊತೇಲೇ ಇದ್ದೆ," ಎಂದು ಶ್ರೀರಂಗಯ್ಯ ಗಂಟಲು ಸರಿಮಾಡಿಕೊಂಡರು. "ನೋಡ್ರಪ್ಪ, ಸುಳ್ಳು ಹೇಳ್ಬಾರ್ದು. ಈ ರಂಗ ಯಾವತ್ತೂ ಎಂಟು ಪಾಯಿಂಟ್ ಮೇಲೆ ಹೊಡೆದೋನಲ್ಲ. ದೂರದಿಂದ ಎಸುದ್ರೆ ಬುಟ್ಟಿಗಿರ್ಲಿ, ಹಲಗೆಗೂ ತಗುಲ್ತಿರ್ಲಿಲ್ಲ. ಆರಡಿನೂ ಇರ್ಲಿಲ್ಲ, ಗಿಡ್ಡ. ಅವ್ನಿಗೆ ಗೊತ್ತಿದ್ದಿದ್ದು ಒಂದೇ, ಚೆಂಡು ಕೊಡೋದು—"

"ಇಳಿಸ್ರೋ ಅವನ್ನ!" ಎಂದು ಹಿಂದಿನ ಸಾಲು ಎದ್ದಿತು.

"ಸತ್ತೋರ ಬಗ್ಗೆ ಹಿಂಗ್ ಮಾತಾಡ್ತೀಯಲ್ಲ, ಬಾಯಲ್ಲಿ ಹುಳ ಬೀಳ್ತವೆ!" ಎಂದಳು ಮಂಜಮ್ಮ, ಟೀ ಕೆಟಲ್ ಎತ್ತಿ ಹಿಡಿದು.

ಯೋಗೀಶ ನಡುವೆ ಹಾರಿದ. "ಇವ್ರೇ ರಂಗಣ್ಣ! ಇವ್ರೇ ಶ್ರೀರಂಗಯ್ಯ! ಸಾರ್, ಆಧಾರ್ ಕಾರ್ಡ್ ತೋರ್ಸಿ ಸಾರ್!"

ಕಾರ್ಡು ಹೊರಬಂತು. ರೇವಣಸಿದ್ದಯ್ಯನವರು ಅದನ್ನು ದೂರ ಹಿಡಿದು ನೋಡಿದರು. "ಮಾಯಸಂದ್ರದ ಕಡೆ ಶ್ರೀರಂಗಯ್ಯ ಅನ್ನೋರು ಬೀದಿಗೊಬ್ರು ಅವ್ರೆ. ಈ ಗಿಡ್ಡಪ್ಪ ನಮ್ಮ ರಂಗನಾ? ಹಂಗಾದ್ರೆ ಒಂದು ಕೆಲ್ಸ ಮಾಡ್ಲಿ. ಬುಟ್ಟಿಗೆ ಹಾಕ್ಲಿ!"

"ಹಾಕ್ಲಿ! ಹಾಕ್ಲಿ!" ಎಂದು ಸಭೆ ಕೂಗಿತು.

ಫ್ಲೆಕ್ಸಿನ ಕೆಳಗೆ ಯಾರೋ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದ ಚೆಂಡು ಕೈಯಿಂದ ಕೈಗೆ ದಾಟಿ ಬಂತು. ಶ್ರೀರಂಗಯ್ಯ ಪಂಚೆ ಎತ್ತಿ ಕಟ್ಟಿದರು. ಚೆಂಡನ್ನು ಒಮ್ಮೆ ನೆಲಕ್ಕೆ ಬಡಿದರು, ಇನ್ನೊಮ್ಮೆ ಬಡಿದರು. ಮೂರನೆಯ ಬಡಿತಕ್ಕೆ ಅವರ ಹೊಟ್ಟೆ ಎಲ್ಲಿ ಹೋಯಿತೋ, ಬೋಳುತಲೆ ಎಲ್ಲಿ ಹೋಯಿತೋ! ಯೋಗೀಶನ ಮೈಯ ರೋಮವೆಲ್ಲ ನಿಂತಿತು. ಅದೇ ಬಾಗು, ಅದೇ ಭುಜ, ಅದೇ ಎಂಬತ್ತಾರನೇ ಇಸವಿ! ಮೂವರು ಗಟ್ಟಿ ಆಳುಗಳು ಅಡ್ಡ ಬಂದು ನಿಂತರು. ಶ್ರೀರಂಗಯ್ಯ ಬುಟ್ಟಿಯತ್ತ ಕಣ್ಣು ನೆಟ್ಟರು. ನಾನೂರು ಜನ ಉಸಿರು ಹಿಡಿದು ಬುಟ್ಟಿಯನ್ನೇ ನೋಡಿದರು. ಅವರು ನೆಗೆದರು, ನಾಲ್ಕಂಗುಲವಾದರೂ ನೆಗೆದರು, ಮತ್ತು ಅವರ ಕೈ ಬೆನ್ನ ಹಿಂದೆ ಹೋಯಿತು.

ಚೆಂಡು ಬುಟ್ಟಿಯ ಕಡೆ ಹೋಗಲೇ ಇಲ್ಲ. ಎಡಗಡೆ, ಬುಟ್ಟಿಗೆ ನೇರ ಕೆಳಗೆ, ಯಾರ ಅಡ್ಡಿಯೂ ಇಲ್ಲದೆ ಒಬ್ಬನೇ ಒಬ್ಬ ನಿಂತಿದ್ದ. ಜಗತ್ತಿನ ಅತ್ಯಂತ ಸೊಗಸಾದ ಆ ಪಾಸು ಸರಿಯಾಗಿ ಅವನಿಗೇ ಬಂತು. ಆ ಒಬ್ಬ ಯೋಗೀಶ. ಅವನು ಎರಡೂ ಕೈಯಲ್ಲಿ ಶ್ರೀರಂಗಯ್ಯನವರ ಬಟ್ಟೆಚೀಲ ತಬ್ಬಿಕೊಂಡು, ಆನಂದದಿಂದ ಕಣ್ಣು ಮುಚ್ಚಿದ್ದ.

ಚೆಂಡು ಅವನ ಮೂಗಿಗೆ ಬಡಿಯಿತು. ಅವನು ಕುಂಕುಮ ಬಳಿದುಕೊಂಡು ಅಂಗಾತ ಬಿದ್ದ.

"ನೋಡುದ್ರಾ! ಬುಟ್ಟಿ ಅಲ್ಲೈತೆ, ಇವ್ನು ಎಸುದಿದ್ದು ಎಲ್ಲಿಗೆ!" ಎಂದರು ರೇವಣಸಿದ್ದಯ್ಯನವರು. "ನಮ್ಮ ರಂಗ ಆಗಿದ್ರೆ ಕಣ್ಣು ಮುಚ್ಕಂಡು ಹಾಕ್ತಿದ್ದ!"

ಐದು ನಿಮಿಷದಲ್ಲಿ ಇಬ್ಬರೂ ಗೇಟಿನ ಹೊರಗಿದ್ದರು. ಗೇಟು ಹಾಕಿತ್ತು. ಯೋಗೀಶ ಕರವಸ್ತ್ರದಿಂದ ಮೂಗು ಒತ್ತಿ ಹಿಡಿದಿದ್ದ. ಅವನ ಕಣ್ಣಲ್ಲಿ ನೀರು, ಆದರೆ ಆ ನೀರು ಮೂಗಿನ ನೋವಿನದಷ್ಟೇ ಆಗಿರಲಿಲ್ಲ.

"ಸಾರ್, ಅದೇ ಪಾಸು ಸಾರ್! ಅದೇ!"

"ಪಾಸು ಸರಿಯಾಗಿತ್ತು. ನೀನು ಹಿಡೀಬೇಕಿತ್ತು ಕಣಪ್ಪ," ಎಂದರು ಶ್ರೀರಂಗಯ್ಯ, ಪಂಚೆ ಕೊಡವುತ್ತಾ.

ಒಳಗೆ ಮೈಕು ಗುಡುಗಿತು. "ಎಲ್ಲಾರೂ ಎದ್ದು ನಿಂತ್ಕಳಿ. ರಂಗನ ಆತ್ಮಕ್ಕೆ ಎರಡು ನಿಮಿಷ ಮೌನ!"

ಶ್ರೀರಂಗಯ್ಯ ಚಪ್ಪಲಿ ಬಿಟ್ಟು, ಕೈಕಟ್ಟಿ, ನೆಟ್ಟಗೆ ನಿಂತರು.

"ನೀವ್ಯಾಕೆ ಸಾರ್?"

"ಶ್! ನಾನೂರು ಜನ ನಂಗೋಸ್ಕರ ಸುಮ್ಗವ್ರೆ. ಕೆಡಿಸ್ಬ್ಯಾಡ."

ಎರಡು ನಿಮಿಷ ಮುಗಿಯಿತು. ರೇವಣಸಿದ್ದಯ್ಯನವರ ದನಿ ಮತ್ತೆ ಬಂತು. "ಇವತ್ತು ಇಲ್ಲಾಗಿರೋ ಅಪಚಾರಕ್ಕೆ ಸಭೆ ಒಂದು ತೀರ್ಮಾನ ಮಾಡೈತೆ. ತಪ್ಪುಕಾಣಿಕೆಯಾಗಿ, ರಂಗನ ಹನ್ನೊಂದನೇ ದಿನದ ಊಟಾನ ಮೋಟರ್ ಯೋಗೀಶ್ನೇ ಹಾಕಿಸ್ಬೇಕು. ಎಲ್ಲಾರೂ ಸಂಸಾರ ಸಮೇತ ಬನ್ನಿ!"

ಚಪ್ಪಾಳೆ ಈ ಸಲ ನಿಲ್ಲಲೇ ಇಲ್ಲ. ಯೋಗೀಶ ಗೇಟಿನ ಸರಳು ಹಿಡಿದು ಮೆಲ್ಲಗೆ ನೆಲಕ್ಕೆ ಕೂತ. ಶ್ರೀರಂಗಯ್ಯ ತಮ್ಮ ಚೀಲ ತೆಗೆದುಕೊಂಡು, ಅವನ ಬೆನ್ನು ತಟ್ಟಿದರು.

"ಯೋಚ್ನೆ ಮಾಡ್ಬ್ಯಾಡ. ಅವತ್ತು ನಂಗೆ ಬಿಡುವೈತೆ," ಎಂದರು. "ಹೋಳಿಗೆ ಮಾಡ್ಸು. ಬತ್ತೀನಿ."