ಗಂಗಹನುಮಯ್ಯನ ಹುಳು ಹಣ್ಣಾದ ದಿನ

ಬೆಳಗ್ಗೆ ಆರೂಕಾಲಿಗೆ ಗಂಗಹನುಮಯ್ಯನ ಬಲಗೈ ಹೆಬ್ಬೆರಳು ಒಂದು ತಪ್ಪು ಮಾಡಿತು. ಅದರಲ್ಲಿ ಅವನ ತಲೆಯ ಪಾತ್ರವೇನೂ ಇರಲಿಲ್ಲ. ಸಾಮಾನ್ಯವಾಗಿ ಇರುವುದೂ ಇಲ್ಲ.

ಹುಳುಮನೆಯಲ್ಲಿ ಇನ್ನೂರು ಮೊಟ್ಟೆ ಗೊಂಚಲಿನ, ಲಕ್ಷದ ಹತ್ತಿರದ ರೇಷ್ಮೆ ಹುಳುಗಳೆಲ್ಲ ಒಟ್ಟಿಗೇ ಹಣ್ಣಾಗಿ, ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಸಂಜೆಯೊಳಗೆ ಅವನ್ನೆಲ್ಲ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡದಿದ್ದರೆ ಕಸದಲ್ಲೇ ನೂಲು ಸುತ್ತಿಕೊಂಡು ಇಡೀ ಬೆಳೆ ಹಾಳು. ಅವನು, ಹೆಂಡತಿ ಮಾರಕ್ಕ, ಇಬ್ಬರೇ ಏನು ಮಾಡಿಯಾರು? ಅದಕ್ಕೆಂದೇ ಸಣ್ಣಬೋರನದೊಡ್ಡಿಯಲ್ಲಿ ಮುಯ್ಯಾಳು ಇತ್ತು: ಇವತ್ತು ನನ್ನ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾನು. ಅದಕ್ಕೊಂದು ವಾಟ್ಸಾಪ್ ಗ್ರೂಪೂ ಇತ್ತು.

'ಹುಳ ಹಣ್ಣಾಗವೆ, ಬನ್ನಿ' ಎಂದು ಬರೆಯಲು ಫೋನ್ ತೆಗೆದರೆ ಯಾರೋ ಕಳಿಸಿದ್ದ ವಿಡಿಯೋ ತಾನಾಗಿಯೇ ಅರಚತೊಡಗಿತು. ಅದರ ಬಾಯಿ ಮುಚ್ಚಿಸಲು ಅಲ್ಲಿ ಇಲ್ಲಿ ಒತ್ತಿದ. ಅದು ಮುಚ್ಚಲಿಲ್ಲ, ನೇರವಾಗಿ ಮುಯ್ಯಾಳು ಗ್ರೂಪಿಗೆ ಹೋಗಿ ಕೂತಿತು. 'ಕೊಡೆ ಗೆದ್ದರೆ ನಿಮ್ಮ ಹಿಪ್ಪುನೇರಳೆ ತೋಟ ಲಾರಿ ಯಾರ್ಡ್ ಆಗುತ್ತದೆ. ಎಚ್ಚರ, ರೈತ ಬಂಧುಗಳೇ.'

ನಾಡಿದ್ದು ಪಂಚಾಯ್ತಿ ಉಪಚುನಾವಣೆ. ಕೊಡೆ ಗುರುತಿನವನು ಜಯಕುಮಾರ್, ಹೊಲಿಗೆ ಮಿಷನ್ ಗುರುತಿನವನು ಮುನಿಶಾಮಯ್ಯ. ಹೋದ ತಿಂಗಳವರೆಗೆ ಒಂದೇ ಬೈಕಿನಲ್ಲಿ ತಿರುಗುತ್ತಿದ್ದ ಜೋಡಿ. ಹಾರೋಹಳ್ಳಿ ಕಡೆಯ ಯಾವುದೋ ಕಂಪನಿಗೆ ಲಾರಿ ನಿಲ್ಲಿಸಲು ರಸ್ತೆ ಬದಿಯ ಜಾಗ ಬೇಕಂತೆ ಎಂಬ ಸುದ್ದಿ ಹುಟ್ಟಿದ್ದೇ ತಡ, ತರುವವನು ಅವನೇ ಎಂದು ಇವನು, ಇವನೇ ಎಂದು ಅವನು ವಿಡಿಯೋ ಬಿಟ್ಟರು. ಎರಡರಲ್ಲೂ ಅಳುವ ಅಜ್ಜಿ ಒಬ್ಬಳೇ, ಲಾರಿಯೂ ಅದೇ. ಆದರೂ ಜನ ತಮ್ಮ ತಮ್ಮ ಅಜ್ಜಿಗಾಗಿ ಬೇರೆ ಬೇರೆಯಾಗಿ ಅತ್ತರು. ಊರಲ್ಲಿ ರಸ್ತೆ ಬದಿಗಿದ್ದದ್ದು ಗಂಗಹನುಮಯ್ಯನ ಎರಡೆಕರೆ ತೋಟವೊಂದೇ. ಅಳಬೇಕಾದವನು ಅವನು, ಆದರೆ ಹುಳುವಿನ ಕೆಲಸದಲ್ಲಿ ಅವನಿಗೆ ಪುರುಸೊತ್ತಿರಲಿಲ್ಲ.

ಮುಯ್ಯಾಳಿಗೆ ಮುಂದಾಳುಗಳು ಹುಚ್ಚಯ್ಯ ಮತ್ತು ಅವನ ಒಡಹುಟ್ಟಿದ ತಂಗಿ ಸಿದ್ದಮ್ಮ. ಅಣ್ಣನ ಹಿಂದೆ ಐದು ಗಂಡಸರು, ತಂಗಿಯ ಹಿಂದೆ ಐದು ಹೆಂಗಸರು. ಅಣ್ಣ ಕೊಡೆ, ತಂಗಿ ಮಿಷನ್. ಅಕ್ಕಪಕ್ಕದ ಮನೆಯಲ್ಲಿದ್ದೂ ಎಂಟು ದಿನದಿಂದ ಇಬ್ಬರಿಗೂ ಮಾತಿಲ್ಲ.

ಏಳು ಗಂಟೆಗೆ ಗಂಗಹನುಮಯ್ಯ ಓಡಿ ಹೋದಾಗ ಹುಚ್ಚಯ್ಯ ಜಗುಲಿಯ ಮೇಲೆ ಕೊಡೆಯ ಚಿತ್ರದ ಟೋಪಿ ಹಾಕಿಕೊಂಡು ಹಲ್ಲುಜ್ಜುತ್ತಿದ್ದ.

"ಅಣ್ಣ, ಕೈತಪ್ಪಿ ಓಗ್ಬುಡ್ತು ಕಣಣ್ಣ."

"ಕೈ ತಪ್ತಾ, ಬುದ್ಧಿ ತಪ್ತಾ? ನಮ್ ಜಯಣ್ಣ ತೋಟ ನುಂಗೋನು ಅಂತ ಗ್ರೂಪಲ್ಲಿ ಆಕ್ಬುಟ್ಟು ಈಗ ಹುಳ ಆಯಕ್ಕೆ ಕರೀತೀಯೇನ್ಲಾ?"

"ನಂಗೆ ಇಬ್ರೂ ಒಂದೇ ಕಣಣ್ಣ, ಸಂಜೆಗೆ ಹುಳ ಏರಬೇಕು."

"ಅಂಗಾರೆ ಇಲ್ಲಿ ನಿಂತ್ಕೊ, ವಿಡಿಯೋ ಮಾಡ್ತೀನಿ, ಫೋನ್ ನೋಡ್ಕಂಡು ಏಳು. ಜಯಣ್ಣನ ಮ್ಯಾಲೆ ನಂಗೆ ಎಷ್ಟು ನಂಬಿಕೆ ಐತೆ ಅಂದ್ರೆ, ನನ್ ತೋಟ ಬೇಕು ಅಂದ್ರೂ ಬರ್ಕೊಟ್ಬುಡ್ತೀನಿ ಅನ್ನು."

ಗಂಗಹನುಮಯ್ಯ ಅಂದ. ಧ್ವನಿ ಸಾಲದೆಂದು ಹುಚ್ಚಯ್ಯ ಅವನ ತಲೆಗೊಂದು ಟೋಪಿ ಒತ್ತಿ, ಎರಡನೆಯ ಸಲ ನಗುತ್ತಾ ಅನ್ನಿಸಿದ. ಹತ್ತೇ ನಿಮಿಷದಲ್ಲಿ ಐದು ಗಂಡಸರ ಸಮೇತ ಹುಚ್ಚಯ್ಯ ಹುಳುಮನೆಯಲ್ಲಿದ್ದ.

ಸಂತೋಷದಲ್ಲಿ ಟೋಪಿ ತೆಗೆಯುವುದನ್ನು ಮರೆತೇ ಗಂಗಹನುಮಯ್ಯ ಸಿದ್ದಮ್ಮನ ಬಾಗಿಲು ತಟ್ಟಿದ. ಆಕೆ ಅವನ ತಲೆ ನೋಡಿ ಬಾಗಿಲು ಮುಚ್ಚಿದಳು.

"ಸಿದ್ದಮ್ಮಕ್ಕ, ಬಿಸ್ಲಿಗೆ ಆಕಂಡಿದ್ದೆ ಕಣಕ್ಕ."

"ಏಳೂವರೆಗೆ ಯಾವ ಬಿಸ್ಲು ಬಂತಪ್ಪ?" ಎಂದಿತು ಬಾಗಿಲು.

ಕಡೆಗೆ ಅಲ್ಲೂ ಟೋಪಿ ತೆಗೆದು ಫೋನಿನ ಮುಂದೆ ನಿಂತ. ಆಗಲೇ ಬಾಯಿಪಾಠವಾಗಿದ್ದರಿಂದ ಕಷ್ಟವಾಗಲಿಲ್ಲ. "ಮುನಿಶಾಮಣ್ಣನ ಮ್ಯಾಲೆ ನಂಗೆ ಎಷ್ಟು ನಂಬಿಕೆ ಐತೆ ಅಂದ್ರೆ, ನನ್ ತೋಟ ಬೇಕು ಅಂದ್ರೂ ಬರ್ಕೊಟ್ಬುಡ್ತೀನಿ." ಸಿದ್ದಮ್ಮ ಮಿಷನ್ನಿನ ಬಿಲ್ಲೆಯೊಂದನ್ನು ಅವನ ಅಂಗಿಗೆ ಚುಚ್ಚಿ ಸೆರಗು ಸಿಕ್ಕಿಸಿಕೊಂಡಳು. "ನಡಿ. ಆದ್ರೆ ಆ ಕೊಡೆಯೋರು ಇರೋ ಕಡೆ ನಾನು ಕಾಲಿಡಕ್ಕಿಲ್ಲ, ಏಳ್ಬುಟ್ಟೆ."

"ಯಾರೂ ಇಲ್ಲ ಕಣಕ್ಕ," ಎಂದುಬಿಟ್ಟ ಗಂಗಹನುಮಯ್ಯ.

ಒಂದೇ ಉಸಿರಿಗೆ ಮನೆಗೆ ಓಡಿ ಬಂದು ಹೆಂಡತಿಗೆ ಹೇಳಿದ. ಮಾರಕ್ಕ ಗಂಡನನ್ನು ಬೈಯಲು ಕೂಡ ನಿಲ್ಲದೆ, ಹುಳುಮನೆಯ ನಡುವೆ ಮೂರು ಹಳೇ ಸೀರೆ ಸೇರಿಸಿ ಪರದೆ ಕಟ್ಟಿದಳು. ಮುಂಬಾಗಿಲು ಗಂಡಸರಿಗೆ, ಹಿಂಬಾಗಿಲು ಹೆಂಗಸರಿಗೆ. ಎರಡೂ ಕಡೆಗೆ ಒಂದೇ ಕಟ್ಟಪ್ಪಣೆ: "ಆ ಕಡೆ ಹುಳ ಇನ್ನೂ ಸೂಕ್ಷ್ಮ ಅವೆ. ಮಾತಾಡಿದ್ರೆ ಬೆದರ್ತವೆ, ಪಿಟಕ್ ಅನ್ಬ್ಯಾಡಿ."

ಹನ್ನೆರಡು ಜನ ಬಾಯಿ ಮುಚ್ಚಿ ಕೆಲಸ ಮಾಡಿದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಚಂದ್ರಿಕೆಗಳು ಒಂದಾದ ಮೇಲೊಂದು ತುಂಬಿದವು. ಗಂಗಹನುಮಯ್ಯ ಮುಂದೆ ಹೋಗುವಾಗ ಟೋಪಿ ಹಾಕಿಕೊಂಡು, ಹಿಂದೆ ಬರುವಾಗ ಬಿಲ್ಲೆ ಚುಚ್ಚಿಕೊಂಡು, ಎರಡು ಕಡೆಗೂ ಮುದ್ದೆ ಬಡಿಸಿ, ಎರಡು ಕಡೆಯೂ ಹಲ್ಲು ಕಿರಿದು ಸುಸ್ತಾದ. ಮೂರೂವರೆಗೆ ಮುಕ್ಕಾಲು ಪಾಲು ಮುಗಿದಿತ್ತು. ಇನ್ನೇನು ಬಚಾವಾದೆ ಅಂದುಕೊಂಡ.

ಆಗ ಹುಚ್ಚಯ್ಯನ ಜೇಬಿನಲ್ಲಿ ಫೋನು ಹಾಡಿತು: 'ಕೊಡೆ ಬಂತು ಕೊಡೆ, ನಮ್ಮ ಜಯಣ್ಣನ ಕೊಡೆ.' ಸೀರೆಯ ಆಚೆಯಿಂದ ಸಿದ್ದಮ್ಮನ ದನಿ ಬಂತು. "ಯಾವನ್ಲಾ ಅವನು?"

ಸೀರೆ ಹರಿದು ಬಿತ್ತು. ಅಣ್ಣ ತಂಗಿ ಮುಖಾಮುಖಿಯಾದರು, ಇಬ್ಬರ ಅಂಗೈಯಲ್ಲೂ ಹುಳು. ನಡುವೆ ಗಂಗಹನುಮಯ್ಯ, ಬದಲಿಸಲು ಪುರುಸೊತ್ತಾಗದೆ ತಲೆಯ ಮೇಲೆ ಟೋಪಿ, ಎದೆಯ ಮೇಲೆ ಬಿಲ್ಲೆ.

"ಎರಡೂ ಕಡೆ ಪೂಸಿ ಹೊಡೀತಿದ್ದೀಯೇನ್ಲಾ?" ಎಂದ ಹುಚ್ಚಯ್ಯ.

"ಯಾರೂ ಇಲ್ಲ ಅಂದ್ಯಲ್ಲೋ, ಬಾಯ್ತುಂಬ."

ಹನ್ನೆರಡು ಜನವೂ ಕೈ ಕೊಡವಿಕೊಂಡು ಎದ್ದರು. ಗಂಗಹನುಮಯ್ಯ ಎರಡು ಬಾಗಿಲಿಗೂ ಅಡ್ಡ ನಿಲ್ಲಲಾರದೆ ನಡುಮನೆಯಲ್ಲಿ ಕೈ ಮುಗಿದು ನಿಂತ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ನನ್ ಮ್ಯಾಲೆ ಸಿಟ್ಟಿದ್ರೆ ಒಡೀರಣ್ಣ. ಹುಳ ಏನ್ ಮಾಡವೆ?"

ಅಷ್ಟರಲ್ಲಿ ಅಲ್ಲಿದ್ದ ಎಲ್ಲರ ಫೋನುಗಳೂ ಒಟ್ಟಿಗೇ ಟಿಣ್ ಎಂದವು.

ಹೊಸ ವಿಡಿಯೋ. ಜಯಕುಮಾರ್ ಮುನಿಶಾಮಯ್ಯನ ಬಾಯಿಗೆ ಮೈಸೂರ್ ಪಾಕ್ ಇಡುತ್ತಿದ್ದ. ಊರಿನ ಒಳಿತಿಗಾಗಿ ಇಬ್ಬರೂ ಒಂದಾಗಿದ್ದರು. ಪಂಚಾಯ್ತಿ ಜಯಕುಮಾರನಿಗೆ, ಡೇರಿ ಅಧ್ಯಕ್ಷಗಿರಿ ಮುನಿಶಾಮಯ್ಯನಿಗೆ. ಆಮೇಲೆ ಹುಚ್ಚಯ್ಯ ತಂಗಿಯ ಕಡೆ ನೋಡದೆಯೇ ಕೇಳಿದ. "ಉಂಡ್ಯೇನಮ್ಮಿ?"

"ಮುದ್ದೆ ಒಸಿ ಗಟ್ಟಿಯಾಗಿತ್ತು ಕಣಣ್ಣ," ಎಂದಳು ಸಿದ್ದಮ್ಮ, ಮೂಗು ಒರೆಸಿಕೊಳ್ಳುತ್ತಾ.

ಅಷ್ಟೇ. ಎಲ್ಲರೂ ನಗುತ್ತಾ ಕೂತು ಹುಳು ಆಯತೊಡಗಿದರು. ಎಂಟು ದಿನದ ಮಾತೆಲ್ಲ ಒಂದು ಗಂಟೆಯಲ್ಲಿ ಹೊರಬಂತು. ಐದಕ್ಕೆ ಕಡೆಯ ಹುಳು ಚಂದ್ರಿಕೆ ಏರಿದಾಗ ಗಂಗಹನುಮಯ್ಯನಿಗೆ ಕುಣಿಯಬೇಕೆನಿಸಿತು.

"ವಿಡಿಯೋ ಇನ್ನೂ ಐತೆ ಕಣ್ರಪ್ಪ, ಪೂರ್ತಿ ನೋಡಿ," ಎಂದ ಹುಚ್ಚಯ್ಯ.

ಎಲ್ಲರೂ ಸುತ್ತ ಸೇರಿದರು. ಜಯಕುಮಾರ್ ಹೇಳುತ್ತಿದ್ದ: "ನಾವಿಬ್ಬರೂ ಸೇರಿ ಊರಿಗೆ ಲಾರಿ ಯಾರ್ಡ್ ತರುತ್ತಿದ್ದೇವೆ. ಎಪ್ಪತ್ತು ಜನಕ್ಕೆ ಕೆಲಸ. ಇದಕ್ಕೆ ಸಂತೋಷದಿಂದ ತೋಟ ಬಿಟ್ಟುಕೊಡಲು ಮುಂದೆ ಬಂದ ರೈತ ಇವರು." ಆಮೇಲೆ ಪರದೆಯ ಮೇಲೆ ಟೋಪಿ ಹಾಕಿದ ಗಂಗಹನುಮಯ್ಯ ನಗುತ್ತಾ ಬಂದ: "ನನ್ ತೋಟ ಬೇಕು ಅಂದ್ರೂ ಬರ್ಕೊಟ್ಬುಡ್ತೀನಿ." ಅದರ ಬೆನ್ನಿಗೇ ಇನ್ನೊಮ್ಮೆ ಬಂದು, ಮುನಿಶಾಮಯ್ಯನ ಹೆಸರಲ್ಲೂ ಅದನ್ನೇ ಹೇಳಿದ.

"ಅದು ಅಂಗಲ್ಲ ಕಣಣ್ಣ," ಎಂದ ಗಂಗಹನುಮಯ್ಯ. ಯಾರಿಗೂ ಕೇಳಿಸಲಿಲ್ಲ.

"ಎಂಥಾ ದೊಡ್ಡ ಮನಸ್ಸು ಕಣ್ಲಾ ನಿಂದು," ಎಂದು ಹುಚ್ಚಯ್ಯ ತಬ್ಬಿಕೊಂಡ. ಬೆಳಗ್ಗೆ ಲಾರಿ ಯಾರ್ಡೆಂದರೆ ಉರಿದು ಬೀಳುತ್ತಿದ್ದ ಸಿದ್ದಮ್ಮ ಈಗ ತನ್ನ ಮಗನಿಗೆ ಅಲ್ಲಿ ಗೇಟಿನ ಕೆಲಸ ಸಿಗುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದಳು. ಚಂದ್ರಿಕೆಗಳ ಮೇಲೆ ಹುಳುಗಳು ಬೆಳ್ಳಗೆ ನೂಲು ಬಿಡಲು ಶುರು ಮಾಡಿದ್ದವು. ಮುಂದಿನ ಬೆಳೆಗೆ ಸೊಪ್ಪು ಎಲ್ಲಿಂದ ಎಂದು ಮಾರಕ್ಕ ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದಳು.

ಹೊರಗೆ ಬೈಕ್ ನಿಂತಿತು. ಅದೇ ಹಳೆಯ ಬೈಕು, ಹಿಂದೆ ಮುಂದೆ ಅದೇ ಇಬ್ಬರು. ಮುನಿಶಾಮಯ್ಯನ ಕೈಯಲ್ಲಿ ಅಳತೆಯ ಟೇಪು ಇತ್ತು.

"ಒಳ್ಳೇ ಕೆಲ್ಸಕ್ಕೆ ತಡ ಯಾಕೆ ಅಂತ ಬಂದೋ," ಎಂದ ಜಯಕುಮಾರ್. "ಗಂಗಣ್ಣ, ಒಸಿ ಈ ತುದಿ ಇಡ್ಕೊ."

ಯಾರು ಏನು ಹೇಳಿದರೂ ಹೂಂ ಅಂದು ಅಂದು ಅಭ್ಯಾಸವಾಗಿದ್ದ ದಿನ ಅದು. ಗಂಗಹನುಮಯ್ಯ ಟೋಪಿ ಸರಿಮಾಡಿಕೊಂಡು, ತನ್ನ ತೋಟದ ಬದುವಿನ ಮೇಲೆ ಕೂತು, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದ.